ಫಲಾನುಸಾರ ಧನಸಹಾಯ: ಓದು-ಲೆಕ್ಕಗಳ ಪರೀಕ್ಷೆಯ ಚರಿತ್ರೆಯಿಂದ ಒಂದು ಅಧ್ಯಾಯ

ಒಂದು ಶಾಲೆ ಒಳ್ಳೆಯದೋ ಅಲ್ಲವೋ ಎಂಬುದನ್ನು ಅಲ್ಲಿಯ ಮಕ್ಕಳು ಓದಿ ತೋರಿಸುವ ನಾಲ್ಕು ಸಾಲುಗಳಿಂದಲೂ ಮಾಡಿ ತೋರಿಸುವ ಎರಡು ಲೆಕ್ಕಗಳಿಂದಲೂ ಅಳೆಯುವುದು ಇಂದು ಲೋಕರೂಢಿಯಾಗಿದೆ. ಗಡಿನಾಡಿನ ಕನ್ನಡ ಶಾಲೆಗಳ ಮಟ್ಟಿಗೆ ಇದು ಬರಿಯ ಚರ್ಚೆಯ ವಿಷಯವಲ್ಲ. ಮಕ್ಕಳ ಸಂಖ್ಯೆ ಮೊದಲೇ ಕಡಮೆಯಾಗಿರುವ ಶಾಲೆಯ ಮೇಲೆ ಕಲಿಕೆಯಲ್ಲಿಯೂ ಹಿಂದುಳಿದುದೆಂಬ ಮುದ್ರೆ ಬಿದ್ದರೆ, ತಂದೆತಾಯಿಗಳು ಮಕ್ಕಳನ್ನು ಬೇರೆ ಮಾಧ್ಯಮದ ಶಾಲೆಗೆ ಸೇರಿಸಲು ತಡಮಾಡುವುದಿಲ್ಲ. ಒಮ್ಮೆ ಮುಚ್ಚಿದ ಕನ್ನಡ ಶಾಲೆಯ ಬಾಗಿಲು ಮತ್ತೆ ತೆರೆಯುವುದು ಅಪರೂಪ. ಆದುದರಿಂದ ಈ ಅಳತೆಗೋಲು ಎಲ್ಲಿಂದ ಬಂದಿತು, ಅದನ್ನು ಹಿಂದೆ ಹಿಡಿದವರಿಗೆ ಯಾವ ಫಲ ದೊರೆಯಿತು ಎಂಬುದನ್ನು ಉಪಾಧ್ಯಾಯರಾದ ನಾವು ತಿಳಿದಿರುವುದು ಅವಶ್ಯ.

ಬಳ್ಳಾರಿ ಸೀಮೆಯ ಒಂದು ವರದಿ

ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಆಧಿಪತ್ಯದ ದೇಶೀಯ ಶಾಲೆಗಳ ಸ್ಥಿತಿಗತಿಗಳನ್ನು ವಿಚಾರಿಸಿ ತಿಳಿಸುವಂತೆ ಕಲೆಕ್ಟರುಗಳಿಗೆ ಆಜ್ಞಾಪಿಸಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ಉತ್ತರವು ನಮಗೆ ವಿಶೇಷವಾಗಿ ಸಂಬಂಧಪಟ್ಟುದು. ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಗಳು ಆಗ ಆ ಜಿಲ್ಲೆಯವೇ ಆಗಿದ್ದುವು. ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು, ಇಂಗ್ಲಿಷುಗಳವು. ಎಲ್ಲವೂ ಸೇರಿ ಮಕ್ಕಳು 6,641. ಒಂದು ಶಾಲೆಗೆ ಸರಾಸರಿ 12 ಅಥವಾ 13 ಮಕ್ಕಳು.

ಕ್ಯಾಂಪ್‌ಬೆಲ್ ಶಾಲೆಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಮಕ್ಕಳಿಗೆ ಅಲ್ಪ ವೆಚ್ಚದಲ್ಲಿ ಬರೆಹ ಕಲಿಸುವ ರೀತಿಯನ್ನೂ, ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ಪಾಠವನ್ನು ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನೂ ಅವನು ಮೆಚ್ಚಿದನು. ಇಂಗ್ಲೆಂಡು ಇದನ್ನು ಅನುಕರಿಸಿದುದು ಯುಕ್ತವೇ ಎಂದನು. ಆದರೆ ಅದರ ಜೊತೆಗೆ ಒಂದು ಕೊರತೆಯನ್ನೂ ತೋರಿಸಿದನು: ಹುಡುಗರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲರು, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿರುತ್ತದೆ ಎಂದು. ಬಾಯಲ್ಲಿ ಬರುವುದಕ್ಕೂ ಬುದ್ಧಿಗೆ ಹತ್ತುವುದಕ್ಕೂ ಇರುವ ಈ ಅಂತರವೇ ಮುಂದಿನ ಕಥೆಯ ಸೂತ್ರ. ನಮ್ಮ ಐಗಳ ಮಠಗಳನ್ನು ಕುರಿತು ಹೇಳಿದ ಆಕ್ಷೇಪವನ್ನೇ ನಾಲ್ಕು ದಶಕಗಳ ತರುವಾಯ ಇಂಗ್ಲೆಂಡಿನ ಶಾಲೆಗಳನ್ನು ಕುರಿತು ಅಲ್ಲಿಯ ಇನ್‌ಸ್ಪೆಕ್ಟರೇ ಹೇಳಬೇಕಾಗಿ ಬಂದಿತು.

1862ರ ನಿಬಂಧನೆ

ಇಂಗ್ಲೆಂಡಿನಲ್ಲಿ ಬಡವರ ಮಕ್ಕಳ ಶಾಲೆಗಳಿಗೆ ಸರ್ಕಾರ ಕೊಡುತ್ತಿದ್ದ ಹಣ ವರ್ಷೇ ವರ್ಷೇ ಏರುತ್ತಿದ್ದಿತು. ಹಣಕ್ಕೆ ತಕ್ಕ ವಿದ್ಯೆ ದೊರೆಯುತ್ತಿದೆಯೇ ಎಂಬುದನ್ನು ವಿಚಾರಿಸಲು 1858ರಲ್ಲಿ ನ್ಯೂಕ್ಯಾಸಲ್ ಆಯೋಗವು ನೇಮಕವಾಯಿತು. ಉಪಾಧ್ಯಾಯರು ಮೇಲಿನ ತರಗತಿಯ ಕೆಲವು ಜಾಣ ಹುಡುಗರನ್ನು ತಿದ್ದುವುದರಲ್ಲಿಯೇ ಕಾಲ ಕಳೆಯುತ್ತಾರೆ, ಕೆಳಗಿನ ತರಗತಿಯ ಬಹುಮಂದಿ ಮಕ್ಕಳು ಓದು ಬರೆಹ ಲೆಕ್ಕಗಳೂ ಸರಿಯಾಗಿ ಬಾರದೆ ಶಾಲೆ ಬಿಡುತ್ತಾರೆ ಎಂದು ಅದು 1861ರಲ್ಲಿ ವರದಿ ಮಾಡಿತು. ಈ ದೂರಿನಲ್ಲಿ ಸತ್ಯಾಂಶವಿದ್ದಿತೆಂಬುದನ್ನು ನಾವು ಒಪ್ಪಬೇಕು. ಫಲಾನುಸಾರ ಪದ್ಧತಿ ಕೇವಲ ಜಿಪುಣತನದಿಂದ ಹುಟ್ಟಿದುದಲ್ಲ. ಕಡೆಗಣಿಸಲ್ಪಟ್ಟ ಮಗುವಿನ ಹೆಸರು ಹೇಳಿಕೊಂಡೇ ಅದು ಬಂದಿತು.

ವಿದ್ಯಾಖಾತೆಯ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಎಂಬಾತನು 1862ರಲ್ಲಿ ಪರಿಷ್ಕೃತ ನಿಬಂಧನೆಯನ್ನು ಜಾರಿಗೆ ತಂದನು. ಈ ವ್ಯವಸ್ಥೆ ದುಬಾರಿಯಾದರೆ ಫಲ ಕೊಡಲಿ, ಫಲ ಕೊಡದಿದ್ದರೆ ಅಗ್ಗವಾದರೂ ಆಗಲಿ ಎಂಬುದು ಅವನ ವಾದದ ಸಾರ. ಆರು ವರ್ಷ ಮೀರಿದ ಮಕ್ಕಳಿಗೆ ಆರು ಮಟ್ಟಗಳು ನಿಗದಿಯಾದುವು. ಮೊದಲನೆಯ ಮಟ್ಟದ ಮಗು ಏಕಾಕ್ಷರದ ಮಾತುಗಳನ್ನು ಓದಬೇಕು, 20ರವರೆಗಿನ ಅಂಕಿಗಳನ್ನು ಬರೆಯಬೇಕು. ಎರಡನೆಯದಕ್ಕೆ ಕೂಡುವ ಇಲ್ಲವೆ ಕಳೆಯುವ ಲೆಕ್ಕ ಮತ್ತು ಮಗ್ಗಿ. ಆರನೆಯ ಮಟ್ಟದವನು ವೃತ್ತಪತ್ರಿಕೆಯ ಒಂದು ಸಣ್ಣ ಭಾಗವನ್ನು ಓದಬೇಕು, ಉಕ್ತಲೇಖನ ಬರೆಯಬೇಕು, ಅಂಗಡಿಯ ಪಟ್ಟಿಯ ಲೆಕ್ಕ ಮಾಡಬೇಕು.

ಹಣದ ಕ್ರಮ ಹೀಗಿದ್ದಿತು. ಸರಾಸರಿ ಹಾಜರಿಯ ಪ್ರಕಾರ ತಲೆಗೆ 4 ಷಿಲಿಂಗು. ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದು ಪರೀಕ್ಷಿಸಿದಾಗ ಓದು, ಬರೆಹ, ಲೆಕ್ಕ ಮೂರರಲ್ಲಿಯೂ ತೇರ್ಗಡೆಯಾದ ಮಗುವಿಗೆ 8 ಷಿಲಿಂಗು. ಒಂದೊಂದು ವಿಷಯದಲ್ಲಿ ತಪ್ಪಿದರೂ 2 ಷಿಲಿಂಗು 8 ಪೆನ್ಸಿನಂತೆ ಕಡಿತ. ಎಂಟು ಷಿಲಿಂಗನ್ನು ಸರಿಯಾಗಿ ಮೂರು ಪಾಲು ಮಾಡಿ ಮಗುವಿನ ಒಂದೊಂದು ತಪ್ಪಿಗೂ ಬೆಲೆ ಕಟ್ಟಿದ್ದರು. ಉಪಾಧ್ಯಾಯನ ಸಂಬಳವೂ ಅನೇಕ ಕಡೆ ಈ ಹಣವನ್ನೇ ಅವಲಂಬಿಸಿದುದರಿಂದ, ಮಗುವಿಗೆ ಜ್ವರ ಬಂದರೆ ಉಪಾಧ್ಯಾಯನ ಮನೆಯ ಅಡುಗೆಗೆ ಸಂಚಕಾರ ಬರುವಂತಾಯಿತು.

ಸರ್ಕಾರದ ಖಜಾನೆಗೆ ಲಾಭವಾದುದು ನಿಜ. 1861ರಲ್ಲಿ 8 ಲಕ್ಷ 13 ಸಾವಿರ ಪೌಂಡಿನಷ್ಟಿದ್ದ ಸಹಾಯಧನ 1865ರ ಹೊತ್ತಿಗೆ ಸುಮಾರು 6 ಲಕ್ಷ 37 ಸಾವಿರಕ್ಕೆ ಇಳಿಯಿತು. ವಿದ್ಯೆಗೆ ಆದುದೇನು? ಕವಿಯೂ ವಿಮರ್ಶಕನೂ ಆಗಿ ನಮಗೆಲ್ಲ ಪರಿಚಿತನಾದ ಮ್ಯಾಥ್ಯೂ ಆರ್ನಲ್ಡ್ 1851ರಿಂದ 1886ರವರೆಗೆ ಶಾಲಾ ಇನ್‌ಸ್ಪೆಕ್ಟರಾಗಿದ್ದನು. ಹೊಸ ನಿಬಂಧನೆಯನ್ನು ಅವನು 1862ರಲ್ಲಿಯೇ ಬಹಿರಂಗವಾಗಿ ವಿರೋಧಿಸಿದ್ದನು. ಅನುಭವದಿಂದ ಅವನು 1867ರ ವರದಿಯಲ್ಲಿ ತಿಳಿಸಿದುದು ಇನ್ನೂ ಕಠೋರವಾದುದು: ಜಾಣ್ಮೆಯಿಂದ ತಯಾರಿ ಮಾಡಿಸಿದರೆ, ನಿಜವಾಗಿ ಓದು ಬರೆಹ ಲೆಕ್ಕಗಳು ಬಾರದ ಮಕ್ಕಳನ್ನೂ ಆ ಮೂರರ ಪರೀಕ್ಷೆಯಲ್ಲಿ ದಾಟಿಸಬಹುದು ಎಂದು. ವರ್ಷವಿಡೀ ಒಂದೇ ಪುಸ್ತಕವನ್ನು ಉರು ಹೊಡೆಸಿದ ಮೇಲೆ ಮಗು ಪುಟ ನೋಡಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ಹಣ ತಾರದ ಚರಿತ್ರೆ, ಭೂಗೋಳ, ವ್ಯಾಕರಣಗಳು ಮೂಲೆಗುಂಪಾದುವು; ಅವುಗಳಿಗೆ ಉಸಿರು ತುಂಬಲು 1867ರಿಂದ ಬೇರೆ ಹಣವನ್ನೇ ಇಡಬೇಕಾಯಿತು. 1890ರ ದಶಕದಲ್ಲಿ ಪದ್ಧತಿಯನ್ನು ಹಂತಹಂತವಾಗಿ ಕೈಬಿಟ್ಟರು. ಮುಖ್ಯ ಇನ್‌ಸ್ಪೆಕ್ಟರಾಗಿದ್ದ ಎಡ್ಮಂಡ್ ಹೋಮ್ಸ್ ನಿವೃತ್ತನಾದ ಮೇಲೆ 1911ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಪದ್ಧತಿ ಹೋದರೂ ಅದು ಉಪಾಧ್ಯಾಯರಲ್ಲಿ ಬೆಳೆಸಿದ ಯಾಂತ್ರಿಕ ಮನೋಭಾವ ಹೋಗಿಲ್ಲವೆಂದು ವಿಷಾದಿಸಿದನು.

ನಮ್ಮ ನಾಡಿಗೆ ಬಂದ ಬಗೆ

1854ರ ವುಡ್ಡನ ವಿದ್ಯಾನಿರೂಪವು ಇಂಡಿಯಾದಲ್ಲಿ ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯಧನ ಕೊಡುವ ತತ್ತ್ವವನ್ನು ಸ್ಥಾಪಿಸಿತು. ಇಂಗ್ಲೆಂಡಿನ ಫಲಾನುಸಾರ ಕ್ರಮವು 1860ರ ದಶಕದಲ್ಲಿಯೇ ಮುಂಬಯಿ, ಮದರಾಸು ಆಧಿಪತ್ಯಗಳಿಗೂ ಬಂದಿತು. ಇಂದಿನ ಗಡಿನಾಡು ಬಹುಪಾಲು ಈ ಎರಡು ಆಧಿಪತ್ಯಗಳಲ್ಲಿಯೇ ಹಂಚಿಹೋಗಿದ್ದಿತು. ದಕ್ಷಿಣ ಕನ್ನಡದ ಕಾಸರಗೋಡು, ಮಲಬಾರಿನ ವಯನಾಡು, ನೀಲಗಿರಿ, ಸೇಲಂ ಜಿಲ್ಲೆಯ ಹೊಸೂರು, ಬಳ್ಳಾರಿ ಸೀಮೆ ಇವು ಮದರಾಸಿಗೆ, ಸೊಲ್ಲಾಪುರ ಮುಂಬಯಿಗೆ. ಅಕ್ಕಲಕೋಟೆ, ಜತ್ತ ಸಂಸ್ಥಾನಗಳೂ ನಿಜಾಮರ ಸೀಮೆಯೂ ಗೋವೆಯೂ ಮಾತ್ರ ಬೇರೆ ಆಳಿಕೆಗೆ ಒಳಪಟ್ಟಿದ್ದುವು.

ಮದರಾಸಿನಲ್ಲಿ ಎರಡು ಕ್ರಮಗಳು ಒಟ್ಟೊಟ್ಟಿಗೆ ನಡೆದುವು: ಅರ್ಹತಾಪತ್ರವುಳ್ಳ ಉಪಾಧ್ಯಾಯರಿಗೆ ಸಂಬಳದಲ್ಲಿ ಒಂದು ಪಾಲು ಕೊಡುವುದು ಒಂದು, ಮಕ್ಕಳ ಪರೀಕ್ಷೆಯ ಫಲವನ್ನು ನೋಡಿ ಕೊಡುವುದು ಇನ್ನೊಂದು. ತರಬೇತಾಗಲಿ ಪತ್ರವಾಗಲಿ ಇಲ್ಲದ ಹಳ್ಳಿಯ ಐಗಳಿಗೆ ಎರಡನೆಯ ಬಾಗಿಲು ಮಾತ್ರ ತೆರೆದಿತ್ತು. ಜಗಲಿಯ ಮೇಲೆ ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದವನೂ ಮಕ್ಕಳನ್ನು ಪರೀಕ್ಷೆಗೆ ನಿಲ್ಲಿಸಿ ಸರ್ಕಾರದ ಹಣ ಪಡೆಯಬಹುದಾಯಿತು. ಈ ಉಪಕಾರವನ್ನು ಮರೆಯಬಾರದು. ಆದರೆ ಪ್ರತಿಯಾಗಿ ಅವನ ಹೊಟ್ಟೆಪಾಡು ಪ್ರತಿವರ್ಷವೂ ಅನಿಶ್ಚಿತವಾಯಿತು.

1882ರಲ್ಲಿ ನೇಮಕವಾದ ಹಂಟರ್ ಆಯೋಗವು ಈ ಪ್ರಶ್ನೆಯನ್ನು ದೀರ್ಘವಾಗಿ ಚರ್ಚಿಸಿತು. ಕಾಲೇಜುಗಳಿಗೆ ಫಲಾನುಸಾರ ಕ್ರಮ ಬೇಡವೆಂದಿತು. ಪ್ರಾಥಮಿಕ ಶಾಲೆಗಳ ಸಹಾಯಧನವನ್ನು ಮಾತ್ರ ಬಹುಮಟ್ಟಿಗೆ ಪರೀಕ್ಷಾಫಲದಂತೆ ಕ್ರಮಪಡಿಸಬೇಕೆಂದಿತು. ಅದರೊಂದಿಗೇ ಒಂದು ವಿನಾಯಿತಿಯನ್ನೂ ಸೇರಿಸಿತು: ಹಿಂದುಳಿದ ಜಿಲ್ಲೆಗಳಲ್ಲಿರುವ, ಇಲ್ಲವೆ ವಿಶೇಷ ಪರಿಸ್ಥಿತಿಗಳಲ್ಲಿ ಸ್ಥಾಪಿತವಾದ ಶಾಲೆಗಳಿಗೆ ಪ್ರತ್ಯೇಕ ನಿಯಮಗಳ ಮೇಲೆ ಸಹಾಯ ಕೊಡಬಹುದು ಎಂದು. ಎಲ್ಲ ಶಾಲೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬ ವಿವೇಕ ಆ ಕಾಲದ ಅಧಿಕಾರಿಗಳಿಗೂ ಇದ್ದಿತೆಂಬುದು ಗಮನಾರ್ಹ. ಮುಂದೆ 1904ರಲ್ಲಿ ಲಾರ್ಡ್ ಕರ್ಜನ್ನನ ಸರ್ಕಾರದ ವಿದ್ಯಾನೀತಿಯ ನಿರ್ಣಯವು ಪರೀಕ್ಷೆಗಳಿಗೆ ಸಂದಿದ್ದ ಅತಿಪ್ರಾಧಾನ್ಯವನ್ನು ಖಂಡಿಸಿತು. ಆ ದಶಕದಲ್ಲಿಯೇ ಫಲಾನುಸಾರ ಕ್ರಮವು ಇಲ್ಲಿಯೂ ಕೊನೆಗೊಂಡಿತು.

ಹಳೆಯ ಪಾಠ, ಹೊಸ ಸಾಕ್ಷಿ

ಕೊನೆಗೊಂಡಿತೆಂದುಕೊಂಡುದು ನೂರು ವರ್ಷಗಳ ತರುವಾಯ ಅಮೆರಿಕದಲ್ಲಿ ಬೇರೆ ವೇಷದಲ್ಲಿ ಕಾಣಿಸಿಕೊಂಡಿತು. ಯಾವ ಮಗುವೂ ಹಿಂದೆ ಬೀಳಬಾರದೆಂಬ ಹೆಸರಿನ 2002ರ ಕಾಯಿದೆಯು 3ರಿಂದ 8ನೆಯ ತರಗತಿಯವರೆಗೆ ಪ್ರತಿವರ್ಷವೂ ಓದು-ಗಣಿತಗಳ ಪರೀಕ್ಷೆಯನ್ನು ಕಡ್ಡಾಯಮಾಡಿತು. 2014ರ ವೇಳೆಗೆ ಎಲ್ಲ ಮಕ್ಕಳೂ ನಿಗದಿಯಾದ ಮಟ್ಟ ಮುಟ್ಟಬೇಕೆಂದಿತು. ಮತ್ತೆ ಮತ್ತೆ ತಪ್ಪಿದ ಶಾಲೆಗಳ ಮೇಲೆ ಕ್ರಮ ಜರುಗಿಸುವ ವಿಧಿಗಳನ್ನೂ ಇಟ್ಟಿತು. ಹಿಂದುಳಿದವರ ಮಕ್ಕಳ ಸ್ಥಿತಿ ಅಂಕಿಗಳಲ್ಲಿ ಬೆಳಕಿಗೆ ಬಂದುದು ಅದರ ಗುಣ. ಆದರೆ ಅಟ್ಲಾಂಟಾ ನಗರದ ಶಾಲೆಗಳಲ್ಲಿ ಮಕ್ಕಳ ಉತ್ತರಗಳನ್ನು ದೊಡ್ಡವರೇ ತಿದ್ದಿದ್ದರೆಂದು 2011ರಲ್ಲಿ ರಾಜ್ಯದ ತನಿಖೆ ಹೊರಗೆಡಹಿತು; 44 ಶಾಲೆಗಳ 178 ಮಂದಿ ಸಿಬ್ಬಂದಿಯ ಮೇಲೆ ದೋಷ ಹೊರಿಸಲಾಯಿತು. 2015ರಲ್ಲಿ ಆ ಕಾಯಿದೆಯ ಜಾಗಕ್ಕೆ ಬೇರೊಂದು ಬಂದಿತು. ಆರ್ನಲ್ಡನ ಕಾಲದಲ್ಲಿ ಮಗುವಿನ ಬಾಯಿಗೆ ಪಾಠ ತುರುಕಿದರು. ಇಲ್ಲಿ ಮಗುವಿನ ಕಾಗದಕ್ಕೇ ಕೈಹಾಕಿದರು. ಕಾರಣ ಒಂದೇ: ಅಳೆಯುವ ಕೋಲಿಗೆ ಅನ್ನವನ್ನು ಕಟ್ಟಿದರೆ ಕೋಲು ಸುಳ್ಳು ಹೇಳಲು ಕಲಿಯುತ್ತದೆ.

ಇದಕ್ಕೆ ಪ್ರತಿಯಾಗಿ, ಯಾರ ಅನ್ನಕ್ಕೂ ಗಂಟು ಬೀಳದ ಪರೀಕ್ಷೆ ಎಷ್ಟು ಉಪಕಾರಿಯಾಗಬಲ್ಲುದೆಂಬುದಕ್ಕೂ ನಿದರ್ಶನವಿದೆ. 2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆಯವರು ಹಳ್ಳಿಯ ಮಕ್ಕಳನ್ನು ಶಾಲೆಯಲ್ಲಲ್ಲ, ಅವರವರ ಮನೆಯಲ್ಲಿ ಒಬ್ಬೊಬ್ಬರನ್ನಾಗಿ ಓದಿಸಿ ನೋಡುತ್ತಾರೆ. ದೇಶದ ಗ್ರಾಮಾಂತರದಲ್ಲಿ 3ನೆಯ ತರಗತಿಯ ಮಕ್ಕಳ ಪೈಕಿ 2ನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇಕಡಾ 27.3 ಇದ್ದವರು, ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದುದರ ತರುವಾಯ, 2022ರಲ್ಲಿ 20.5ಕ್ಕೆ ಇಳಿದರು, 2024ರಲ್ಲಿ ಮತ್ತೆ 27.1ಕ್ಕೆ ಏರಿದರು. ಯಾವ ಶಾಲೆಯನ್ನೂ ಬೆದರಿಸದ ಅಳತೆಯಾದುದರಿಂದಲೇ ಈ ಏರಿಳಿತವನ್ನು ನಂಬಬಹುದಾಗಿದೆ.

ಗಡಿನಾಡಿನ ಶಾಲೆಗೆ ಅನ್ವಯ

ಈ ಚರಿತ್ರೆಯಿಂದ ನಮಗೆ ಮೂರು ಎಚ್ಚರಿಕೆಗಳು ದೊರೆಯುತ್ತವೆ.

ಮೊದಲನೆಯದು ಸಂಖ್ಯೆಯದು. ತರಗತಿಯಲ್ಲಿ ಎಂಟು ಮಕ್ಕಳಿದ್ದರೆ ಒಂದು ಮಗುವಿನ ತೂಕ ಶೇಕಡಾ 12.5. ಪರೀಕ್ಷೆಯ ದಿನ ಒಬ್ಬಳು ಅಂಜಿದರೆ ಶಾಲೆಯ ಫಲ 75ರಿಂದ 62.5ಕ್ಕೆ ಬೀಳುತ್ತದೆ. ನೂರು ಮಕ್ಕಳ ಶಾಲೆಯಲ್ಲಿ ಅದೇ ಅಂಜಿಕೆಯ ಬೆಲೆ ಒಂದೇ ಒಂದು. ಆದುದರಿಂದ ಸಣ್ಣ ಶಾಲೆಯ ಒಂದು ವರ್ಷದ ಅಂಕಿಯನ್ನು ನೋಡಿ ತೀರ್ಪು ಕೊಡುವುದು ಅಂಕಗಣಿತಕ್ಕೇ ವಿರುದ್ಧ.

ಎರಡನೆಯದು ಭಾಷೆಯದು. ಕಾಸರಗೋಡಿನ ಕನ್ನಡ ಶಾಲೆಯ ಮಗುವಿನ ಮನೆಮಾತು ತುಳುವೋ ಕೊಂಕಣಿಯೋ ಮಲಯಾಳವೋ ಮರಾಠಿಯೋ ಆಗಿರಬಹುದು. ನೀಲಗಿರಿಯ ಮಗುವಿನದು ಬಡಗ ನುಡಿಯಾಗಿರಬಹುದು. ಅಂಥ ಮಗು ಲೆಕ್ಕದಲ್ಲಿ ತಪ್ಪಿದಾಗ ತಪ್ಪಿದುದು ಲೆಕ್ಕವೋ, ಲೆಕ್ಕವನ್ನು ಹೇಳಿದ ವಾಕ್ಯವೋ ಎಂಬುದನ್ನು ಅಂಕಿ ಹೇಳಲಾರದು. ಪಕ್ಕದಲ್ಲಿ ಕುಳಿತು ಬಾಯಿಲೆಕ್ಕ ಕೇಳಿದ ಉಪಾಧ್ಯಾಯ ಹೇಳಬಲ್ಲನು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಕಲಿಸುವ ಭಾಷೆಯ ಹಕ್ಕು ಪರೀಕ್ಷಿಸುವ ಭಾಷೆಗೂ ಸಲ್ಲದಿದ್ದರೆ ಅದು ಅರ್ಧ ಹಕ್ಕು.

ಮೂರನೆಯದು ನಮ್ಮ ಮೇಲೆಯೇ ಬರುವಂಥದು. ಪರೀಕ್ಷೆ ಅನ್ಯಾಯವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ನ್ಯೂಕ್ಯಾಸಲ್ ಆಯೋಗ ಕಂಡ ಕೆಳತರಗತಿಯ ಮಗು ನಮ್ಮ ಶಾಲೆಗಳಲ್ಲಿಯೂ ಹಿಂದಿನ ಸಾಲಿನಲ್ಲಿ ಕುಳಿತಿದೆ. ಪ್ರತಿ ಮಗುವಿಗೂ ಕಾಣದ ಪಾಠವೊಂದನ್ನು ಓದಲು ಕೊಟ್ಟು, ಅರ್ಥ ಕೇಳಿ, ತಿಂಗಳಿಗೊಮ್ಮೆ ಗುರುತು ಹಾಕಿಕೊಂಡ ಶಾಲೆಯ ಕೈಯಲ್ಲಿ ವರ್ಷದ ಕೊನೆಗೆ ಯಾವ ಸಮೀಕ್ಷೆಯೂ ಕೊಡಲಾರದ ಸಾಕ್ಷ್ಯವಿರುತ್ತದೆ. ಶಾಲೆಯನ್ನು ಮುಚ್ಚುವ ಮಾತು ಬಂದ ದಿನ ಅಧಿಕಾರಿಗಳ ಮುಂದೆ ಇಡಬೇಕಾದುದು ಅದನ್ನೇ. ಕ್ಯಾಂಪ್‌ಬೆಲ್ಲನ ಗಿಳಿಯ ಮಾತಿಗೆ ಗಡಿನಾಡಿನ ಉಪಾಧ್ಯಾಯವರ್ಗವು ಕೊಡಬಹುದಾದ ಉತ್ತರವೂ ಅದೇ.