ಅಂಬ್ರೋಸಿಯ: ಸಾಯದವರ ಊಟ

ಗ್ರೀಕರ ದೇವತೆಗಳು ಉಣ್ಣುವ ಆಹಾರದ ಹೆಸರು ಅಂಬ್ರೋಸಿಯ. ಕಿವಿಗೆ ದೂರದ್ದೆನಿಸುವ ಈ ಪದ ನಮ್ಮ ಅಮೃತದ ರಕ್ತಸಂಬಂಧಿ. ಅಮೃತದ ‘ಅ’ ತೆಗೆದರೆ ಮೃತ ಉಳಿಯುತ್ತದೆ. ಗ್ರೀಕಿನಲ್ಲೂ ಹಾಗೆಯೇ: ಅಂಬ್ರೊಟೊಸ್ ಎಂದರೆ ಸಾವಿಲ್ಲದವನು, ಬ್ರೊಟೊಸ್ ಎಂದರೆ ಸಾಯುವವನು, ಅಂದರೆ ಮನುಷ್ಯ. ಮೂಲ ಒಂದೇ ಆದರೂ ಎರಡೂ ಪದಗಳು ಬೇರೆ ಬೇರೆ ದಾರಿ ಹಿಡಿದವು. ನಮ್ಮಲ್ಲಿ ಅಮೃತವು ಬಳ್ಳಿಗೂ ಶಿಲೆಗೂ ಘಳಿಗೆಗೂ ಅಂಟಿಕೊಂಡಿತು. 75 ವರ್ಷ ತುಂಬಿದ ಸಂಸ್ಥೆಗೆ ಮಹೋತ್ಸವವಾಗಿ ಒದಗಿತು. ಹೋಮರನ ಕಾವ್ಯದಲ್ಲಿ ಅಂಬ್ರೋಸಿಯ ಹೋದ ಜಾಗ ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ಅದು ಹೆಣದ ಬಳಿಗೆ ಹೋಯಿತು.

ಇಲಿಯಡ್‌ನ 16ನೆಯ ಸರ್ಗದಲ್ಲಿ ಜ್ಯೂಸ್‌ನ ಮಗ ಸಾರ್ಪಿಡಾನ್ ಟ್ರಾಯ್ ಬಯಲಿನಲ್ಲಿ ಗ್ರೀಕ್ ವೀರ ಪೆಟ್ರೋಕ್ಲಸ್‌ನ ಈಟಿಗೆ ಬೀಳುವ ಗಳಿಗೆ. ದೇವತೆಗಳ ಅರಸನಿಗೆ ಮಗನನ್ನು ಉಳಿಸಿಕೊಳ್ಳುವ ಆಸೆ. ಹೆಂಡತಿ ಹೇರಾ ತಡೆಯುತ್ತಾಳೆ: ನೀನು ಉಳಿಸಿದರೆ ಉಳಿದವರೂ ತಂತಮ್ಮ ಮಕ್ಕಳನ್ನು ಉಳಿಸಲು ಹೊರಡುತ್ತಾರೆ. ಜ್ಯೂಸ್ ನೆಲದ ಮೇಲೆ ರಕ್ತದ ಹನಿ ಸುರಿಸಿ ಸುಮ್ಮನಾಗುತ್ತಾನೆ. ಮಗ ಸತ್ತ ಮೇಲೆ ಅಪೋಲೊ ಆ ಹೆಣವನ್ನು ಹೊಳೆಯಲ್ಲಿ ತೊಳೆದು, ಮೈಗೆ ಅಂಬ್ರೋಸಿಯ ಬಳಿದು, ನಿದ್ರೆ ಮತ್ತು ಸಾವು ಎಂಬ ಅವಳಿಗಳ ಕೈಯಲ್ಲಿ ಹುಟ್ಟೂರು ಲಿಸಿಯಾಕ್ಕೆ ಕಳಿಸುತ್ತಾನೆ. ಮುಂದೆ ಪೆಟ್ರೋಕ್ಲಸ್ ಕೂಡ ಸತ್ತಾಗ ಥೆಟಿಸ್ ದೇವಿ ಅವನ ಮೂಗಿನೊಳಗೆ ಇದನ್ನೇ ತೊಟ್ಟಿಕ್ಕುತ್ತಾಳೆ, ಮೈ ಕೊಳೆಯದಿರಲಿ ಎಂದು. ಹೋದ ಜೀವವನ್ನು ತಾರದೆ, ದೇಹವನ್ನಷ್ಟೇ ಕೆಡದಂತೆ ಕಾಯುವ ಅಮೃತ ಇದು. ತಂದೆಯಾದ ಜ್ಯೂಸ್‌ಗೂ ದಕ್ಕಿದ್ದು ಅಷ್ಟೇ.

ಹಾಗಿದ್ದರೆ ದೇವತೆಗಳಾದರೂ ಎಷ್ಟರ ಮಟ್ಟಿಗೆ ಸಾವಿಲ್ಲದವರು? 5ನೆಯ ಸರ್ಗದಲ್ಲಿ ಡಯೊಮಿಡೀಸ್ ಎಂಬ ಮನುಷ್ಯ ಪ್ರೇಮದೇವತೆ ಅಫ್ರೊಡೈಟಿಯ ಕೈಗೆ ಈಟಿ ತಿವಿಯುತ್ತಾನೆ. ಹರಿಯುವುದು ರಕ್ತವಲ್ಲ, ಇಖೋರ್ ಎಂಬ ದ್ರವ. ಅದಕ್ಕೆ ಹೋಮರ್ ಕೊಡುವ ಕಾರಣ ಊಟದ್ದು: ಅವರು ರೊಟ್ಟಿ ತಿನ್ನುವುದಿಲ್ಲ, ದ್ರಾಕ್ಷಾರಸ ಕುಡಿಯುವುದಿಲ್ಲ, ಆದ್ದರಿಂದ ಅವರಲ್ಲಿ ರಕ್ತವಿಲ್ಲ, ಅವರು ಅಮರರೆನಿಸಿದ್ದಾರೆ. ಅಳುವ ಮಗಳನ್ನು ಸಮಾಧಾನಪಡಿಸುತ್ತ ತಾಯಿ ಡಯೋನಿ ಇನ್ನೊಂದು ಸಂಗತಿ ಹೇಳುತ್ತಾಳೆ. ಯುದ್ಧದೇವತೆ ಏರೀಸ್‌ನನ್ನು ಇಬ್ಬರು ದೈತ್ಯರು 13 ತಿಂಗಳು ಕಂಚಿನ ಹಂಡೆಯಲ್ಲಿ ಕಟ್ಟಿಹಾಕಿದ್ದರು. ಹರ್ಮೀಸ್ ಕದ್ದು ಬಿಡಿಸದಿದ್ದರೆ ಅವನು ಅಲ್ಲೇ ಮುಗಿದುಹೋಗುತ್ತಿದ್ದ. ಹೆಸಿಯಡ್ ಕವಿ ಇನ್ನೂ ಕಠಿಣ. ಸ್ಟಿಕ್ಸ್ ನದಿಯ ಮೇಲೆ ಸುಳ್ಳು ಆಣೆಯಿಟ್ಟ ದೇವತೆ ಒಂದು ವರ್ಷ ಅಂಬ್ರೋಸಿಯದ ಹತ್ತಿರ ಸುಳಿಯುವಂತಿಲ್ಲ; ಉಸಿರೂ ಮಾತೂ ಇಲ್ಲದೆ ಹಾಸಿಗೆಯಲ್ಲಿ ಬಿದ್ದಿರಬೇಕು. ಆಮೇಲೆ 9 ವರ್ಷ ದೇವಸಭೆಗೂ ಪಂಕ್ತಿಗೂ ಸೇರಿಸುವುದಿಲ್ಲ. ನಮ್ಮ ಸುರರು ಕಡಲು ಕಡೆದು ಅಮೃತ ಕುಡಿದರು, ಕೆಲಸ ಮುಗಿಯಿತು. ಗ್ರೀಕರ ದೇವತೆಗಳಿಗೆ ಅದು ಹೊತ್ತುಹೊತ್ತಿನ ಅನ್ನ. ನನ್ನ ಮಟ್ಟಿಗೆ ಗ್ರೀಕರ ಕಲ್ಪನೆಯೇ ಹೆಚ್ಚು ಆಳವಾದದ್ದು, ಏಕೆಂದರೆ ಅದರಲ್ಲಿ ದೇವತೆಗೂ ಹಸಿವೆಯಿದೆ.

ಕನ್ನಡದಲ್ಲಿ ‘ಅಜರಾಮರ’ ಎನ್ನುವಾಗ ನಮ್ಮ ಮನಸ್ಸು ಅಮರದ ಮೇಲೆಯೇ ನಿಲ್ಲುತ್ತದೆ, ಅಜರವನ್ನು ಯಾರೂ ಗಮನಿಸುವುದಿಲ್ಲ. ಮುಪ್ಪಿಲ್ಲದ್ದು, ಸಾವಿಲ್ಲದ್ದು: ಎರಡು ವರಗಳು ಅಲ್ಲಿ ಬೆಸೆದುಕೊಂಡಿವೆ. ಹೋಮರನಲ್ಲೂ ಇದೇ ಜೋಡಿ ಬರುತ್ತದೆ; ಅವನ ‘ಅಗೆರೋಸ್’ ನಮ್ಮ ಅಜರಕ್ಕೆ ನೆಂಟ. ಜೋಡಿ ಮುರಿದರೆ ಏನಾಗುತ್ತದೆಂದು ಟಿಥೋನಸ್‌ನ ಕಥೆ ಹೇಳುತ್ತದೆ. ಟ್ರಾಯ್‌ನ ಈ ಚೆಲುವನನ್ನು ಬೆಳಗಿನ ದೇವಿ ಈಯೋಸ್ (ನಮ್ಮ ಉಷೆಯ ಹೆಸರಿಗೂ ಅದೇ ಮೂಲ) ಮೆಚ್ಚಿ, ಅವನಿಗೆ ಸಾವು ಬಾರದಿರಲೆಂದು ಜ್ಯೂಸ್‌ನಲ್ಲಿ ಬೇಡಿದಳು. ಯೌವನ ಬೇಡಲು ಮರೆತಳು. ಮೊದಲ ನರೆ ಕಂಡಾಗ ಅವನ ಹಾಸಿಗೆಯಿಂದ ದೂರವಾದಳು. ಆದರೂ ಅಂಬ್ರೋಸಿಯ ಉಣಿಸಿ ಸಾಕಿದಳು. ಕೈಕಾಲು ಎತ್ತಲಾಗದಷ್ಟು ಮುಪ್ಪು ಕವಿದಾಗ ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿದಳು. ಒಳಗಿನಿಂದ ಅವನ ದನಿ ಮಾತ್ರ ನಿಲ್ಲದೆ ಹರಿಯುತ್ತದೆ. ಅಫ್ರೊಡೈಟಿಯ ಸ್ತೋತ್ರದಲ್ಲಿರುವ ಈ ಕಥೆಯಷ್ಟು ನಿಷ್ಕರುಣವಾದದ್ದನ್ನು ನಾನು ಗ್ರೀಕ್ ಪುರಾಣದಲ್ಲಿ ಬೇರೆಲ್ಲೂ ಕಂಡಿಲ್ಲ.

ಕ್ಯಾಲಿಪ್ಸೊ ಎಂಬ ದೇವಿ ಆ ತಪ್ಪು ಮಾಡಲಿಲ್ಲ. ದ್ವೀಪದಲ್ಲಿ 7 ವರ್ಷ ಇರಿಸಿಕೊಂಡ ಗ್ರೀಕ್ ವೀರ ಒಡಿಸ್ಸಿಯಸ್‌ಗೆ ಅವಳು ಅಜರವನ್ನೂ ಅಮರವನ್ನೂ ಸೇರಿಸಿಯೇ ಕೊಡಲು ಸಿದ್ಧಳಿದ್ದಳು. ಕೊನೆಯಲ್ಲಿ ಇಬ್ಬರೂ ಎದುರುಬದುರು ಊಟಕ್ಕೆ ಕೂರುತ್ತಾರೆ: ಅವಳ ಮುಂದೆ ಅಂಬ್ರೋಸಿಯ, ಅವನ ಮುಂದೆ ಮನುಷ್ಯರ ಆಹಾರ. ನನ್ನ ಹೆಂಡತಿ ಸಾಯುವವಳು, ನಿನ್ನಷ್ಟು ಚೆಲುವೆಯಲ್ಲ, ಆದರೂ ನನಗೆ ಮನೆಯೇ ಬೇಕು ಎಂದು ಒಪ್ಪಿಕೊಂಡು ಅವನು ತೆಪ್ಪ ಕಟ್ಟುತ್ತಾನೆ. ಇದು ಒಡಿಸ್ಸಿಯ 5ನೆಯ ಸರ್ಗದಲ್ಲಿದೆ. ಆ ಸರ್ಗ ಶುರುವಾಗುವುದು ಈಯೋಸ್ ಟಿಥೋನಸ್‌ನ ಮಗ್ಗುಲಿನಿಂದ ಎದ್ದು ಬೆಳಕು ತರಲು ಹೊರಡುವುದರೊಂದಿಗೆ.