ಹಳೆಯ ನಕ್ಷೆಯೂ ಹಳತಾಗಿಸಿದ ನಕ್ಷೆಯೂ

ನಮ್ಮ ಜಿಲ್ಲೆಯಲ್ಲಿ ಹೋಮ್‌ಸ್ಟೇಗಳು ಹೆಚ್ಚಿದಂತೆ ಗೋಡೆಯ ಅಲಂಕಾರದಲ್ಲಿಯೂ ಒಂದು ಪದ್ಧತಿ ಬೆಳೆದು ಬಂದಿದೆ. ಒಡಿಕತ್ತಿ, ಪೀಚೆಕತ್ತಿ, ಹಿತ್ತಾಳೆಯ ತೂಗುದೀಪ, ಅಜ್ಜಂದಿರ ಕಪ್ಪುಬಿಳುಪಿನ ಭಾವಚಿತ್ರ. ಇವುಗಳ ನಡುವೆ ಕಂದುಬಣ್ಣಕ್ಕೆ ತಿರುಗಿದ, ಅಂಚು ಸುಟ್ಟಂತಿರುವ ಒಂದು ಕೊಡಗಿನ ನಕ್ಷೆ. ಪ್ರವಾಸಿಗರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ನಕ್ಷೆಗಳಲ್ಲಿ ಬಹುಪಾಲು ಮೊನ್ನೆ ಮೊನ್ನೆ ಮುದ್ರಿಸಿ ಬಣ್ಣ ಕಟ್ಟಿದಂಥವು ಎಂಬುದು ಎಲ್ಲರಿಗೂ ತಿಳಿದ ಸಂಗತಿಯೇ. ಅದರಲ್ಲಿ ತಪ್ಪೇನೂ ಇಲ್ಲ. ನಾಟಕದ ರಾಜನ ಕಿರೀಟ ಬೇಗಡೆಯದೆಂದು ಯಾರೂ ದೂರುವುದಿಲ್ಲವಷ್ಟೆ.

ವಿರಾಜಪೇಟೆಯ ಬಳಿ ಹೋಮ್‌ಸ್ಟೇ ನಡೆಸುತ್ತಿರುವ ನನ್ನ ಶಿಷ್ಯನೊಬ್ಬ ಕಳೆದ ಫೆಬ್ರವರಿಯಲ್ಲಿ ಮನೆಗೆ ಬಂದು, "ಸರ್, ನೀವು ವಸ್ತುಪ್ರದರ್ಶನಕ್ಕೆ ನಮ್ಮ ಕೈಯಲ್ಲಿ ಟೀ ನೀರು ಬಳಿಸಿ ಹಳೇ ನಕ್ಷೆ ಮಾಡಿಸಿದ್ದಿರಲ್ಲಾ, ಅದನ್ನೊಂದು ಸಲ ಹೇಳಿಕೊಡಿ" ಎಂದ. ಬಿ.ಇಡಿ. ತರಬೇತಿಯಲ್ಲಿ ಪಾಠೋಪಕರಣಗಳ ತಯಾರಿಕೆಗೆ ಅಂಕಗಳಿದ್ದುದರಿಂದ ಕಲಿತ ವಿದ್ಯೆ ಅದು. ಬೇರೆಯವರೂ ಕೇಳಿರುವುದರಿಂದ ಮೊದಲು ವಿಧಾನವನ್ನು ಹೇಳಿಬಿಡುತ್ತೇನೆ.

ದಪ್ಪನೆಯ ಡ್ರಾಯಿಂಗ್ ಹಾಳೆಯ ಮೇಲೆ ನಕ್ಷೆಯನ್ನು ಜೆರಾಕ್ಸ್ ಇಲ್ಲವೇ ಲೇಸರ್ ಮುದ್ರಣ ಮಾಡಿಸಬೇಕು. ಇಂಕ್‌ಜೆಟ್‌ನ ಶಾಯಿ ನೀರು ತಾಗಿದೊಡನೆ ಹರಡಿಬಿಡುತ್ತದೆ. ಹಾಲು ಸಕ್ಕರೆ ಹಾಕದ ಕಡು ಟೀಯನ್ನು ಕುದಿಸಿ, ಆರಿಸಿ, ಸೋಸಿಟ್ಟುಕೊಳ್ಳಬೇಕು. (ಸಕ್ಕರೆ ಬಿದ್ದರೆ ಇರುವೆಗಳು ನಕ್ಷೆಯನ್ನು ಸರ್ವೆ ಮಾಡಲು ಬರುತ್ತವೆ.) ಹಾಳೆಯನ್ನು ನಾಲ್ಕಾಗಿ ಎಂಟಾಗಿ ಮಡಚಿ ಬಿಡಿಸಿ, ಸ್ಪಂಜಿನಿಂದ ಟೀಯನ್ನು ಒತ್ತುತ್ತ ಹೋದರೆ ಮಡಿಕೆಯ ಗೆರೆಗಳಲ್ಲಿ ಬಣ್ಣ ಹೆಚ್ಚು ನಿಲ್ಲುತ್ತದೆ. ಅಂಚುಗಳಿಗೆ ಇನ್ನೊಂದು ಕೈ ಬಳಿಯಬಹುದು. ಕಾಫಿ ಡಿಕಾಕ್ಷನ್ ಇನ್ನೂ ಗಾಢವಾದ ಬಣ್ಣ ಕೊಡುತ್ತದೆ. ಸಮತಟ್ಟಾದ ಹಲಗೆಯ ಮೇಲೆ ನೆರಳಿನಲ್ಲಿ ಒಣಗಿಸಿ, ಹಿಂಬದಿಯಿಂದ ಹದವಾದ ಇಸ್ತ್ರಿ ಹಾಕಿದರಾಯಿತು. ಇದನ್ನು ಕಾಫಿ ಕಣದಲ್ಲಿ ಒಣಗುವ ಜನವರಿ, ಫೆಬ್ರವರಿಯಲ್ಲಿಯೇ ಮಾಡಬೇಕು. ನಮ್ಮ ಮಳೆಗಾಲದಲ್ಲಿ ಮಾಡಿದರೆ ಬೂಷ್ಟು ಹಿಡಿಯುತ್ತದೆ. ಊದುಬತ್ತಿಯಿಂದ ಅಂಚು ಸುಡುವ ಚಾಳಿ ಮಾತ್ರ ನನಗೆ ಹಿಡಿಸದು. ನಮ್ಮ ಸೀಮೆಯಲ್ಲಿ ಕಾಗದವನ್ನು ತಿಂದದ್ದು ಬೆಂಕಿಗಿಂತ ಹೆಚ್ಚಾಗಿ ಗೆದ್ದಲು, ಮತ್ತು ಗೆದ್ದಲು ಕಪ್ಪು ಅಂಚನ್ನು ಬಿಟ್ಟು ಹೋಗುವುದಿಲ್ಲ.

ಟೀಯಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥವು ಕಾಗದದ ನಾರಿಗೆ ಅಂಟಿಕೊಳ್ಳುವುದರಿಂದ ಈ ಬಣ್ಣ ಬರುತ್ತದೆ. ಆದರೆ ಕಾಗದ ತಾನಾಗಿ ಹಳದಿಯಾಗುವ ಕಾರಣವೇ ಬೇರೆ. ಮರದ ತಿರುಳಿನ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಬೆಳಕಿಗೂ ಗಾಳಿಗೂ ಒಡ್ಡಿಕೊಂಡು ಕಂದುತ್ತದೆ. ಮರದ ತಿರುಳಿನ ಕಾಗದ ಬಳಕೆಗೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೆ ಮೊದಲು ಯುರೋಪಿನಲ್ಲಿ ನಕ್ಷೆಗಳಿಗೆ ಬಳಸುತ್ತಿದ್ದುದು ಹತ್ತಿ ಮತ್ತು ನಾರುಬಟ್ಟೆಯ ಚಿಂದಿಯಿಂದ ಮಾಡಿದ ಕಾಗದವನ್ನು. ಚೆನ್ನಾಗಿ ಕಾಪಾಡಿದಲ್ಲಿ ಅದು ಇನ್ನೂರು ವರ್ಷಗಳ ಬಳಿಕವೂ ಹೋದ ವರ್ಷದ ವೃತ್ತಪತ್ರಿಕೆಗಿಂತ ಬೆಳ್ಳಗೆ ಇರುವುದುಂಟು. ಬೆಳಕಿಗೆ ಹಿಡಿದರೆ, ನೋಟಿನಲ್ಲಿ ಕಾಣುವಂತೆ, ಕಾಗದ ತಯಾರಕನ ಹೆಸರಿನ ವಾಟರ್‌ಮಾರ್ಕ್ ಕಂಡೀತು. ಮಡಚಿ ಒಯ್ಯುವ ನಕ್ಷೆಗಳ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದರು. ಅಂದಮೇಲೆ ಬಣ್ಣವನ್ನು ನೋಡಿ ನಕ್ಷೆಯ ವಯಸ್ಸನ್ನು ಹೇಳಲಾಗದು. ಆ ನಕ್ಷೆಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದನ್ನು ವಿಚಾರಿಸಬೇಕು.

ಶಿಷ್ಯನು ತನ್ನಲ್ಲಿ ಆಗಲೇ ಇದ್ದ ಒಂದು ನಕ್ಷೆಯನ್ನು ಸುರುಳಿ ಸುತ್ತಿ ತಂದಿದ್ದ. ಯಾವುದೋ ಅಂಗಡಿಯಿಂದ ತರಿಸಿದ್ದು. ಮೇಲೆ ಅಲಂಕಾರದ ಅಕ್ಷರಗಳಲ್ಲಿ 'ಬ್ರಿಟಿಷ್ ಕೂರ್ಗ್, 1799' ಎಂದಿತ್ತು. ಮೂಲೆಯಲ್ಲಿ ದಿಕ್ಸೂಚಿಯ ನಕ್ಷತ್ರ. ಪಡುವಣ ಕಡಲಿನಲ್ಲಿ ಒಂದು ಹಡಗು. ಕನ್ನಡಕ ಏರಿಸಿ ನೋಡಿದೆ. ಕಾವೇರಿಯ ದಂಡೆಯಲ್ಲಿ, ಇಂದಿನ ಕುಶಾಲನಗರದ ಜಾಗದಲ್ಲಿ, 'ಫ್ರೇಸರ್‌ಪೇಟ್' ಎಂದು ಬರೆದಿತ್ತು. ಕರ್ನಲ್ ಫ್ರೇಸರನು ಕಂಪನಿಯ ಪರವಾಗಿ ಕೊಡಗಿನ ವ್ಯವಹಾರ ವಹಿಸಿಕೊಂಡದ್ದು 1834ರಲ್ಲಿ. ಊರಿಗೆ ಅವನ ಹೆಸರು ಬಂದದ್ದು ಆ ಬಳಿಕ. 1799ರ ನಕ್ಷೆಗೆ ಆ ಹೆಸರು ತಿಳಿಯಲು ಅದು ಜಾತಕ ನೋಡಬಲ್ಲ ನಕ್ಷೆಯಾಗಿರಬೇಕು! ಯಾವುದೋ ನಂತರದ ನಕ್ಷೆಯ ಪ್ರತಿ ತೆಗೆದು, ಮೇಲೊಂದು ಇಸವಿ ಬರೆದಿದ್ದರೆಂಬುದು ಸ್ಪಷ್ಟ.

ಇದನ್ನು ನಕ್ಕು ಬಿಡಬಹುದಿತ್ತು. ಆದರೆ ಶಿಷ್ಯನ ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಶಾಲೆಯ ಪ್ರಾಜೆಕ್ಟಿನಲ್ಲಿ ಅವಳು "1799ರಿಂದ ಕೊಡಗು ಬ್ರಿಟಿಷರ ಅಧೀನದಲ್ಲಿತ್ತು" ಎಂದು ಬರೆದಿದ್ದಳು. ಎಲ್ಲಿಂದ ತೆಗೆದೆಯಮ್ಮ ಎಂದು ಕೇಳಿದರೆ, "ನಮ್ಮ ಹಾಲಿನಲ್ಲಿ ಹಳೇ ಮ್ಯಾಪ್ ಇದೆಯಲ್ಲಾ ಸರ್" ಎಂದಳು. ಮಗುವಿನ ತಪ್ಪಲ್ಲ. ದೊಡ್ಡವರು ಚೌಕಟ್ಟು ಹಾಕಿ ತೂಗುಹಾಕಿದ್ದನ್ನು ಮಕ್ಕಳು ನಂಬದೆ ಇನ್ನೇನು ನಂಬಬೇಕು?

1799ರಲ್ಲಿ ಇಲ್ಲಿ ಆಳುತ್ತಿದ್ದವನು ದೊಡ್ಡ ವೀರರಾಜೇಂದ್ರ. ಅವನು ಕಂಪನಿಯ ಮಿತ್ರನಾಗಿದ್ದನೇ ಹೊರತು ಕೊಡಗು ಕಂಪನಿಯ ಜಿಲ್ಲೆಯಾಗಿರಲಿಲ್ಲ. ಅವನ ನಂತರ ಲಿಂಗರಾಜ, ಆಮೇಲೆ ಚಿಕ್ಕವೀರರಾಜೇಂದ್ರ. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯವು ಮಡಿಕೇರಿಯನ್ನು ಹೊಕ್ಕು, ಮೇ 7ರಂದು ಕೊಡಗನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡ ಘೋಷಣೆ ಹೊರಟಿತು. ಗೋಡೆಯ ಮೇಲಿನ ಆ ಒಂದು ಶೀರ್ಷಿಕೆ ಮೂವತ್ತೈದು ವರ್ಷಗಳ ಆಳ್ವಿಕೆಯನ್ನು ಒರೆಸಿಹಾಕಿತ್ತು.

ಹಾಗಾದರೆ ಕೊಡಗಿನ ನಿಜವಾದ ಹಳೆಯ ನಕ್ಷೆ ಯಾವುದು? ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ರೆನೆಲ್‌ನು ಇಡೀ ಹಿಂದೂಸ್ಥಾನದ ನಕ್ಷೆಯನ್ನು ಪ್ರಕಟಿಸಿದ. ಮೊದಲ ಬಾರಿಗೆ 1782ರಲ್ಲಿ. ಅಷ್ಟು ದೊಡ್ಡ ನಕ್ಷೆಯಲ್ಲಿ ನಮ್ಮ ಪುಟ್ಟ ಸೀಮೆಗೆ ಸಿಕ್ಕೀತಾದರೂ ಎಷ್ಟು ಜಾಗ! ಟಿಪ್ಪುವಿನ ಪತನದ ತರುವಾಯ ಕರ್ನಲ್ ಕಾಲಿನ್ ಮೆಕೆಂಜಿಯು ಮೈಸೂರಿನ ಸರ್ವೆಗೆ ತೊಡಗಿದ; 1802ರಲ್ಲಿ ಮದರಾಸಿನ ಬಳಿ ಲ್ಯಾಂಬ್ಟನ್ ತನ್ನ ಆಧಾರರೇಖೆಯನ್ನು ಅಳೆದು, ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮ ಕರಾವಳಿಯವರೆಗೆ ಬಂದ. ಕೊಡಗನ್ನೇ ಗುರಿಯಾಗಿಟ್ಟುಕೊಂಡು ಕಣಿವೆ ಕಣಿವೆ ಹತ್ತಿಳಿದು ಅಳೆದವನು ಲೆಫ್ಟಿನೆಂಟ್ ಕಾನರ್. ಅವನು ಬರೆದ ಸರ್ವೆಯ ವರದಿ 1817ರದು. ಅದು ಬೆಂಗಳೂರಿನಲ್ಲಿ ಅಚ್ಚಾದದ್ದು 1870ರಲ್ಲಿ. ಇದೇ ಕಾನರ್ ಬಳಿಕ ವಾರ್ಡ್ ಎಂಬ ಸಹೋದ್ಯೋಗಿಯೊಡನೆ ತಿರುವಾಂಕೂರು, ಕೊಚ್ಚಿಗಳನ್ನೂ ಅಳೆದ. ಈ ಸರ್ವೆಗಾರರಿಗೆ ಬೇಕಾದದ್ದು ದಾರಿ, ಹೊಳೆ, ಘಟ್ಟದ ಕಣಿವೆ, ಊರುಗಳ ನಡುವಣ ದೂರ. ಹಡಗನ್ನಾಗಲಿ ಕಡಲ ಪ್ರಾಣಿಯನ್ನಾಗಲಿ ಬಿಡಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಆ ಕಾಲದ ನಕ್ಷೆಗಳಲ್ಲಿ ಬೆಟ್ಟಗಳನ್ನು ಸಣ್ಣ ಸಣ್ಣ ಗೀರುಗಳಿಂದ ತೋರಿಸುತ್ತಿದ್ದರು. ನಾನು ನಿಮಗೆಲ್ಲ ಬಲವಂತದಿಂದ ಬರೆಸಿದ ಸಮೋನ್ನತಿ ರೇಖೆಗಳು ಆ ಪೀಳಿಗೆಯ ಬಳಕೆಯವಲ್ಲ.

ನಮ್ಮವರಿಗೆ ಗಡಿಯ ಲೆಕ್ಕ ಇರಲಿಲ್ಲವೆಂದು ಭಾವಿಸಬಾರದು. ಲಿಂಗರಾಜನ ಕಾಲದ 'ಶಿಸ್ತು' ಜಮೀನಿನ ವಿವರವಾದ ದಾಖಲೆ. ಆದರೆ ಅದು ಮಾತಿನಲ್ಲಿ, ಅಂಕಿಯಲ್ಲಿ ಬರೆದದ್ದು. ಇನ್ನು ನಾಡುಗಳ ಎಲ್ಲೆಯಲ್ಲಿ ಮೈಲಿಗಟ್ಟಲೆ ತೋಡಿದ ಕಡಂಗಗಳಿವೆ. ಕಾಡಿನಲ್ಲಿ, ತೋಟಗಳ ನಡುವೆ ಈಗಲೂ ನಿಮ್ಮ ಕಾಲಿಗೆ ಸಿಗುತ್ತವೆ. ನೆಲದ ಮೇಲೆಯೇ ಗೆರೆ ಎಳೆದವರಿಗೆ ಕಾಗದದ ಗೆರೆಯ ಅವಸರ ಬೀಳಲಿಲ್ಲವೆಂದು ನನಗೆ ತೋರುತ್ತದೆ.

ಶಿಷ್ಯನ ನಕ್ಷೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪಶ್ಚಿಮದ ಗಡಿ. ಪಂಜ, ಬೆಳ್ಳಾರೆಗಳ ಸೀಮೆ 1804ರಲ್ಲಿ ಕಂಪನಿಯಿಂದ ದೊಡ್ಡ ವೀರರಾಜನಿಗೆ ಬಂತು. ಘಟ್ಟದ ಕೆಳಗಿನ ಅಮರಸುಳ್ಯ ಆಗ ಮಡಿಕೇರಿಗೆ ಸೇರಿದ ನೆಲ. 1834ರಲ್ಲಿ ಕಂಪನಿಯು ಅಮರಸುಳ್ಯ, ಪುತ್ತೂರುಗಳನ್ನು ಕೊಡಗಿನಿಂದ ಕಳಚಿ ಕೆನರಾ ಜಿಲ್ಲೆಗೆ ಸೇರಿಸಿತು. ಕಚೇರಿಯಲ್ಲಿ ಕುಳಿತವನಿಗೆ ಅದು ಲೇಖನಿಯ ಒಂದು ಗೀಟು. ಆದರೆ ರಾಜರ ಕಾಲದಲ್ಲಿ ಕಂದಾಯವನ್ನು ದವಸದ ರೂಪದಲ್ಲಿ ಕೊಡುತ್ತಿದ್ದ ರೈತ ಇನ್ನು ಮುಂದೆ ನಗದಿನಲ್ಲಿ ಕಟ್ಟಬೇಕಾಯಿತು; ನಗದಿಗಾಗಿ ಸಾಹುಕಾರನ ಬಾಗಿಲು ಕಾಯಬೇಕಾಯಿತು. ಮೂರೇ ವರ್ಷದಲ್ಲಿ, 1837ರಲ್ಲಿ, ಅದೇ ಸೀಮೆಯ ಜನ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದು, ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳುತನದಲ್ಲಿ ಮಂಗಳೂರಿನವರೆಗೆ ನಡೆದು ಬಾವುಟ ಏರಿಸಿದರು. ಕೆಲವೇ ದಿನಗಳಲ್ಲಿ ದಂಗೆಯನ್ನು ಅಡಗಿಸಲಾಯಿತು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಆ ದಂಗೆಗೆ ಬೇರೆ ಕಾರಣಗಳೂ ಇದ್ದವು, ಆದರೆ ಸರಿದುಹೋದ ಗಡಿಯನ್ನು ಬಿಟ್ಟು ಅದನ್ನು ವಿವರಿಸಲು ಸಾಧ್ಯವಿಲ್ಲ. '1799' ಎಂದು ಬರೆದು 1834ರ ನಂತರದ ಗಡಿಯನ್ನು ತೋರಿಸುವ ನಕ್ಷೆಯ ಎದುರು ನಿಂತ ಮಗುವಿಗೆ, ಸುಳ್ಯದವರು ಮಡಿಕೇರಿಯ ಅರಸನ ಹೆಸರು ಹಿಡಿದು ಏಕೆ ಎದ್ದರೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಇಂಥ ಮೋಸಕ್ಕೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೇ ಸಿಲುಕಿವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯವು 1965ರಲ್ಲಿ 'ವಿನ್‌ಲ್ಯಾಂಡ್ ನಕ್ಷೆ' ಎಂಬುದನ್ನು ಲೋಕಕ್ಕೆ ತೋರಿಸಿತು. ಕೊಲಂಬಸನಿಗಿಂತ ಮೊದಲೇ ಬರೆದ, ಅಮೆರಿಕದ ತೀರವನ್ನು ತೋರಿಸುವ ನಕ್ಷೆ ಎಂದು ಅದರ ಖ್ಯಾತಿ. ಅದರ ಚರ್ಮಪತ್ರ ನಿಜಕ್ಕೂ 15ನೇ ಶತಮಾನದ್ದೇ. ಆದರೆ ಶಾಯಿಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಟೈಟಾನಿಯಂ ಬಣ್ಣ ಸಿಕ್ಕಿತು. ವಾದವಿವಾದಗಳೆಲ್ಲ ಮುಗಿದು, ಅದು ನಕಲಿಯೆಂದು ಯೇಲ್ ತಾನೇ ಸಾರಿದ್ದು 2021ರಲ್ಲಿ. ನಾವು ಹೊಸ ಕಾಗದಕ್ಕೆ ಹಳೆಯ ಬಣ್ಣ ಹಚ್ಚುತ್ತೇವೆ. ಆ ಮಹಾಶಯ ಹಳೆಯ ಹಾಳೆಗೆ ಹೊಸ ಶಾಯಿ ಹಾಕಿದ.

ಕಡೆಗೆ ಶಿಷ್ಯನೂ ಅವನ ಮಗಳೂ ನಾನೂ ಕುಳಿತು ಎರಡು ಭಾನುವಾರ ಬೇರೊಂದು ನಕ್ಷೆ ಬರೆದೆವು. ಇಸವಿ 1805 ಎಂದು ನಿಶ್ಚಯಿಸಿಕೊಂಡೆವು. ಮಡಿಕೇರಿಯ ಕೋಟೆ, 1792ರಲ್ಲಿ ದೊಡ್ಡ ವೀರರಾಜ ಕಟ್ಟಿಸಿದ ವಿರಾಜಪೇಟೆ, ಅದೇ ಕಾಲದ ನಾಲ್ಕುನಾಡು ಅರಮನೆ, ತಲಕಾವೇರಿ, ಭಾಗಮಂಡಲ, ಘಟ್ಟದ ಕೆಳಗೆ ಪಂಜ, ಬೆಳ್ಳಾರೆ, ಸುಳ್ಯ. ಫ್ರೇಸರ್‌ಪೇಟೆ ಇಲ್ಲ. ಕಾಫಿ ಎಸ್ಟೇಟುಗಳೂ ಇಲ್ಲ. ಫೌಲರ್ ಎಂಬ ಇಂಗ್ಲಿಷರವನು ಮಡಿಕೇರಿಯಲ್ಲಿ ಮೊದಲ ದೊಡ್ಡ ತೋಟ ತೆರೆದದ್ದು 1854ರಲ್ಲಿ. (ಅದಕ್ಕೇ ಕಾಫಿ ಡಿಕಾಕ್ಷನ್ ಬೇಡವೆಂದು ಹುಡುಗಿ ಹಟ ಹಿಡಿದು, ಟೀಯನ್ನೇ ಬಳಿದಳು. ಟೀ ಮಾತ್ರ ಆಗ ಇತ್ತೇ ಎಂದು ನಾನು ಕೇಳಲು ಹೋಗಲಿಲ್ಲ.) ಗೀರುಗಳಿಂದ ತಡಿಯಂಡಮೋಳ್ ಬೆಟ್ಟವನ್ನು ಬಿಡಿಸುವಷ್ಟರಲ್ಲಿ ನನ್ನ ಕೈ ಸೋತುಹೋಯಿತು.

"ಸರ್, ಪೊನ್ನಂಪೇಟೆಯೇ ಇಲ್ಲವಲ್ಲಾ!" ಎಂದ ಶಿಷ್ಯ. ಊರಿಗೆ ಈ ಹೆಸರು ದಿವಾನ್ ಚೆಪ್ಪುಡೀರ ಪೊನ್ನಪ್ಪನವರಿಂದ ಬಂದಿತೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅವರು 1834ರ ಕಾಲದ ದಿವಾನರು. 1805ರ ನಕ್ಷೆಯಲ್ಲಿ ಆ ಹೆಸರನ್ನು ಹೇಗೆ ಬರೆಯಲಿ? ಇಂದು ತಾಲ್ಲೂಕು ಕೇಂದ್ರವಾಗಿ ಮೆರೆಯುತ್ತಿರುವ ನಮ್ಮ ಊರಿನ ಜಾಗವನ್ನು ಮನಸ್ಸಿಲ್ಲದ ಮನಸ್ಸಿನಿಂದ ಖಾಲಿ ಬಿಟ್ಟೆ.

ನಕ್ಷೆಯ ಹಿಂಬದಿಯಲ್ಲಿ ಯಾರು ಯಾವಾಗ ಬರೆದದ್ದೆಂದು ಪೆನ್ಸಿಲಿನಿಂದ ಬರೆಯಿಸಿದ್ದೇನೆ. ಟೀಗೆ ಆಮ್ಲದ ಗುಣವಿರುವುದರಿಂದ ಆ ಕಾಗದ ಬಹಳ ಕಾಲ ಬಾಳದು. ಬಿಸಿಲು ಬೀಳದ ಗೋಡೆಗೆ ಹಾಕಿರೆಂದು ಹೇಳಿದ್ದೇನೆ. ಇನ್ನೊಂದು ಮಾತು ನಿಮ್ಮೆಲ್ಲರಿಗೂ. ಐನ್‌ಮನೆಯ ಪೆಟ್ಟಿಗೆಯಲ್ಲಿ ಜಮ್ಮದ ಸನ್ನದು, ಗ್ರಾಮ ನಕ್ಷೆ, ಹಳೆಯ ರಸೀದಿ ಏನಾದರೂ ಉಳಿದಿದ್ದರೆ ಅದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಅಂಟು ಟೇಪು ಹಚ್ಚಬೇಡಿ. ಒಂದು ಚಿತ್ರ ತೆಗೆದಿಟ್ಟುಕೊಂಡು, ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದಂತೆ ಎತ್ತರದಲ್ಲಿಡಿ. ಓದಲು ಬಾರದಿದ್ದರೆ ನನ್ನಲ್ಲಿಗೆ ತನ್ನಿ. ಮಧ್ಯಾಹ್ನ ಮೂರರ ನಂತರ ಮನೆಯಲ್ಲಿಯೇ ಇರುತ್ತೇನೆ.