ಆಲೂಗಡ್ಡೆ ಸಂಶೋಧನೆ

ಸೊಲೇನಮ್ ಟ್ಯೂಬರೋಸಮ್ ಎಂಬ ಸಸ್ಯವೈಜ್ಞಾನಿಕ ಹೆಸರಿನ ಆಲೂಗಡ್ಡೆಯ ಬೇಸಾಯ, ತಳಿ ಅಭಿವೃದ್ಧಿ ಮತ್ತು ಪೋಷಕ ಗುಣಗಳನ್ನು ಕುರಿತ ಅಧ್ಯಯನ. ಬದನೆ, ಟೊಮೆಟೊ, ಮೆಣಸಿನಕಾಯಿ, ಹೊಗೆಸೊಪ್ಪುಗಳಿರುವ ಸೊಲೇನೇಸೀ ಕುಟುಂಬಕ್ಕೆ ಸೇರಿದ ಈ ಸಸ್ಯದಲ್ಲಿ ತಿನ್ನುವ ಭಾಗ ಬೇರಲ್ಲ, ನೆಲದೊಳಗೆ ಊದಿಕೊಂಡ ಕಾಂಡ. ಗಡ್ಡೆಯ ಮೇಲಿನ ಕಣ್ಣುಗಳು ಕಾಂಡದ ಮೊಗ್ಗುಗಳೇ ಆದ್ದರಿಂದ ಬೀಜದ ಬದಲು ಗಡ್ಡೆಯನ್ನೇ ಬಿತ್ತಿ ಬೆಳೆ ತೆಗೆಯಬಹುದು. ರೈತನಿಗೆ ಅನುಕೂಲವಾದ ಈ ಗುಣವೇ ರೋಗ ಹರಡುವುದಕ್ಕೂ ತಳಿ ಸುಧಾರಣೆ ನಿಧಾನವಾಗುವುದಕ್ಕೂ ಕಾರಣ. ಬೇಸಾಯ, ತಳಿ, ಪೋಷಣೆ ಎಂಬ ಮೂರು ವಿಭಾಗಗಳಲ್ಲಿ ಈ ಸಂಶೋಧನೆ ನಡೆಯುತ್ತದೆಯಾದರೂ ಒಂದರಲ್ಲಿ ಮಾಡಿದ ಬದಲಾವಣೆ ಉಳಿದೆರಡನ್ನೂ ತಟ್ಟುತ್ತದೆ.

ಮೂಲ ಮತ್ತು ಹರಡುವಿಕೆ

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿ. ಇಂದಿನ ದಕ್ಷಿಣ ಪೆರುವಿನ ಟಿಟಿಕಾಕಾ ಸರೋವರದ ಆಸುಪಾಸಿನಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಅಲ್ಲಿನ ಜನ ಕಾಡು ಜಾತಿಗಳನ್ನು ಪಳಗಿಸಿ ಬೆಳೆಯತೊಡಗಿದರು. ಎತ್ತರದ ಪ್ರದೇಶದ ರಾತ್ರಿಯ ಹಿಮಕ್ಕೆ ಗಡ್ಡೆಗಳನ್ನು ಒಡ್ಡಿ, ಹಗಲಲ್ಲಿ ತುಳಿದು ನೀರು ತೆಗೆದು ಒಣಗಿಸಿ ವರ್ಷಗಟ್ಟಲೆ ಕಾಪಾಡುವ ಚುನ್ಯೋ ಎಂಬ ಆಹಾರವನ್ನು ಅವರು ರೂಪಿಸಿದ್ದರು. ಸ್ಪೇನಿನವರ ಮೂಲಕ 16ನೆಯ ಶತಮಾನದಲ್ಲಿ ಯುರೋಪನ್ನು ಸೇರಿದ ಈ ಬೆಳೆ 17ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತು. ಇಂದು ಚೀನಾದ ಬಳಿಕ ಅತಿ ಹೆಚ್ಚು ಆಲೂಗಡ್ಡೆ ಬೆಳೆಯುವ ದೇಶ ಭಾರತ. ವಾರ್ಷಿಕ ಉತ್ಪಾದನೆ 5 ಕೋಟಿ ಟನ್ನಿಗೂ ಹೆಚ್ಚು.

ವಿಜ್ಞಾನಿಗಳು ಈ ಬೆಳೆಯತ್ತ ಗಂಭೀರವಾಗಿ ಗಮನ ಹರಿಸಿದ್ದು 1845ರಿಂದ ಐರ್ಲೆಂಡನ್ನು ಕಾಡಿದ ಕ್ಷಾಮದ ಕಾರಣದಿಂದ. ಅಲ್ಲಿನ ಬಡವರು ಲಂಪರ್ ಎಂಬ ಒಂದೇ ತಳಿಯನ್ನು ಬಹುವಾಗಿ ನೆಚ್ಚಿದ್ದರು. ಅಂಗಮಾರಿ ರೋಗ ಬಂದಾಗ ಹೊಲಕ್ಕೆ ಹೊಲವೇ ಕೊಳೆತುಹೋಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕಿಂತಲೂ ಹೆಚ್ಚು ಮಂದಿ ದೇಶ ಬಿಟ್ಟರು. ರೋಗಕ್ಕೆ ಕಾರಣವಾದ ಜೀವಿಯನ್ನು ವಿವರವಾಗಿ ಅಧ್ಯಯನ ಮಾಡಿದ ಜರ್ಮನಿಯ ಆಂಟನ್ ಡಿ ಬಾರಿ 1876ರಲ್ಲಿ ಅದನ್ನು ಫೈಟಾಫ್ತೊರ ಇನ್ಫೆಸ್ಟಾನ್ಸ್ ಎಂದು ಹೆಸರಿಸಿದ. ಸಸ್ಯರೋಗಶಾಸ್ತ್ರದ ಬುನಾದಿಗಳಲ್ಲಿ ಈ ಅಧ್ಯಯನವೂ ಒಂದು.

ಬೇಸಾಯದ ಸಂಶೋಧನೆ

ಆಲೂಗಡ್ಡೆ ತಂಪು ಹವೆಯ ಬೆಳೆ. ಬುಡದಿಂದ ನೆಲದೊಳಗೆ ಅಡ್ಡಲಾಗಿ ಹೊರಡುವ ಎಳೆಗಳ ತುದಿ ಊದಿಕೊಂಡು ಗಡ್ಡೆಯಾಗುತ್ತದೆ. ರಾತ್ರಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆ ಇದ್ದಾಗ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಸೆಕೆ ಹೆಚ್ಚಿದಂತೆ ಗಿಡ ಸೊಪ್ಪನ್ನೇ ಬೆಳೆಸಿ ಗಡ್ಡೆಯನ್ನು ಕಡಮೆ ಮಾಡುತ್ತದೆ. ಇದರ ಹಿಂದಿನ ಕಾರ್ಯವಿಧಾನ ತಿಳಿದದ್ದು ಈಚೆಗೆ. ಎಲೆಗಳಲ್ಲಿ ತಯಾರಾಗುವ ಎಸ್‌ಪಿ6ಎ ಎಂಬ ಪ್ರೋಟೀನು ನೆಲದೊಳಗಿನ ಎಳೆಗಳಿಗೆ ಇಳಿದು ಗಡ್ಡೆ ಕಟ್ಟುವ ಸೂಚನೆ ಕೊಡುತ್ತದೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೆಚ್ಚಿನ ಉಷ್ಣತೆ ಈ ಸೂಚನೆಯನ್ನು ತಗ್ಗಿಸುತ್ತದೆ. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ಇದು ಕೇವಲ ಪ್ರಯೋಗಾಲಯದ ಕುತೂಹಲವಾಗಿ ಉಳಿದಿಲ್ಲ.

ಬೇಸಾಯದಲ್ಲಿ ಅತ್ಯಂತ ಕಠಿಣವಾದ ಸಮಸ್ಯೆ ಬಿತ್ತನೆಗಡ್ಡೆಯದು. ಒಂದು ಹೆಕ್ಟೇರಿಗೆ 25ರಿಂದ 30 ಕ್ವಿಂಟಲ್ ಬಿತ್ತನೆಗಡ್ಡೆ ಬೇಕು. ಸಾಗುವಳಿ ವೆಚ್ಚದಲ್ಲಿ ಇದರ ಪಾಲೇ ದೊಡ್ಡದು. ಜೊತೆಗೆ ತಾಯಿಗಿಡದಲ್ಲಿದ್ದ ವೈರಸ್‌ಗಳು ಗಡ್ಡೆಯ ಮೂಲಕವೇ ಮುಂದಿನ ಬೆಳೆಗೆ ದಾಟಿ, ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಯುತ್ತದೆ. ಭಾರತದಲ್ಲಿ ಹಿಂದೆ ಶುದ್ಧ ಬಿತ್ತನೆಗಡ್ಡೆಗೆ ಹಿಮಾಲಯದ ಬೆಟ್ಟಗಳನ್ನೇ ಅವಲಂಬಿಸಬೇಕಿತ್ತು. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಪುಷ್ಕರನಾಥ್ 1959ರಲ್ಲಿ ಮುಂದಿಟ್ಟ ಬೀಜತಾಕು ಪದ್ಧತಿ ಈ ಪರಿಸ್ಥಿತಿಯನ್ನು ಬದಲಿಸಿತು. ಉತ್ತರದ ಬಯಲಿನಲ್ಲಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ವೈರಸ್ ಹರಡುವ ಸಸ್ಯಹೇನುಗಳು ತೀರ ಕಡಮೆ. ರೋಗವಿಲ್ಲದ ಗಡ್ಡೆಯನ್ನು ಅಕ್ಟೋಬರಿನಲ್ಲಿ ಬಿತ್ತಿ, ಹೇನುಗಳು ಹೆಚ್ಚುವ ಮುನ್ನ ಜನವರಿಯ ಮೊದಲ ದಿನಗಳೊಳಗೆ ಸೊಪ್ಪನ್ನು ಕತ್ತರಿಸಿಬಿಟ್ಟರೆ ಗಡ್ಡೆಗಳು ಶುದ್ಧವಾಗಿ ಉಳಿಯುತ್ತವೆ. ಕೀಟದ ಜೀವನಚಕ್ರವನ್ನು ಗಮನಿಸಿ ಬೆಳೆಯ ಕಾಲವನ್ನು ಹೊಂದಿಸಿದ ಈ ಸರಳ ಉಪಾಯದಿಂದ ದೇಶದ ಬಿತ್ತನೆಗಡ್ಡೆಯ ಉತ್ಪಾದನೆ ಬಯಲಿಗೆ ಇಳಿಯಿತು.

ಎರಡನೆಯ ದೊಡ್ಡ ಸಮಸ್ಯೆ ಅಂಗಮಾರಿ. ಫೈಟಾಫ್ತೊರ ಶಿಲೀಂಧ್ರದಂತೆ ಕಂಡರೂ ನಿಜವಾದ ಶಿಲೀಂಧ್ರವಲ್ಲ, ನೀರಿನಲ್ಲಿ ಈಜಬಲ್ಲ ಬೀಜಕಣಗಳನ್ನು ಹೊರಡಿಸುವ ಜೀವಿ. ಮೋಡ ಕವಿದು, ತುಂತುರು ಹಿಡಿದು, ಗಾಳಿಯ ತೇವಾಂಶ ಶೇ. 90ನ್ನು ಮೀರಿದ ತಂಪು ದಿನಗಳಲ್ಲಿ ಅದು ವಾರದೊಳಗೆ ಹೊಲವನ್ನು ಕಪ್ಪಾಗಿಸಬಲ್ಲದು. ಹವಾಮಾನದ ಅಂಕಿಅಂಶಗಳಿಂದ ರೋಗದ ಮುನ್ಸೂಚನೆ ಕೊಡುವ ಇಂಡೋ-ಬ್ಲೈಟ್‌ಕ್ಯಾಸ್ಟ್ ಎಂಬ ವ್ಯವಸ್ಥೆಯನ್ನು ಕೇಂದ್ರೀಯ ಸಂಸ್ಥೆ ರೂಪಿಸಿದೆ. ರೋಗ ಕಾಣಿಸಿಕೊಳ್ಳುವ ಮುನ್ನ ಸಿಂಪಡಿಸಿದ ಔಷಧಿಗೆ ಇರುವ ಫಲ ಬಳಿಕ ಸಿಂಪಡಿಸಿದ್ದಕ್ಕೆ ಇರುವುದಿಲ್ಲ.

ತಳಿ ಅಭಿವೃದ್ಧಿ

ಬೆಳೆಯಲಾಗುವ ಆಲೂಗಡ್ಡೆ ಚತುರ್ಗುಣಿ. ಅದರ ಜೀವಕೋಶದಲ್ಲಿ 12 ವರ್ಣತಂತುಗಳ ನಾಲ್ಕು ಗುಂಪುಗಳು, ಒಟ್ಟು 48 ವರ್ಣತಂತುಗಳಿವೆ. ಪ್ರತಿ ಜೀನಿಗೂ ನಾಲ್ಕು ಪ್ರತಿಗಳಿರುವುದರಿಂದ ಬೇಕಾದ ಗುಣವನ್ನು ಸ್ಥಿರಗೊಳಿಸುವುದು ಕಷ್ಟ. ಎರಡು ಪ್ರತಿಗಳಿರುವ ಬೆಳೆಯಲ್ಲಿ ಮಿಶ್ರ ಗಿಡವನ್ನು ಸ್ವಕೀಯ ಪರಾಗಸ್ಪರ್ಶಕ್ಕೆ ಒಳಪಡಿಸಿದಾಗ ನಾಲ್ಕರಲ್ಲಿ ಒಂದು ಸಸಿಯಲ್ಲಿ ಸುಪ್ತ ಗುಣ ಹೊರಬೀಳುತ್ತದೆ. ಎರಡು ಪ್ರಬಲ, ಎರಡು ಸುಪ್ತ ಪ್ರತಿಗಳಿರುವ ಆಲೂಗಡ್ಡೆಯಲ್ಲಿ ಅದಕ್ಕೆ 36ರಲ್ಲಿ ಒಂದೇ ಅವಕಾಶ. ಹಲವು ಗುಣಗಳನ್ನು ಒಟ್ಟಿಗೆ ಬಯಸಿದರೆ ಸಾವಿರಾರು ಸಸಿಗಳನ್ನು ಬೆಳೆಸಿ, ವರ್ಷದಿಂದ ವರ್ಷಕ್ಕೆ ಸೋಸಬೇಕು. ಹೊಸ ತಳಿಯೊಂದು ರೈತರ ಕೈಸೇರಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಮಿಕ್ಕಿದ ಕಾಲ ಹಿಡಿಯುತ್ತದೆ.

1949ರಲ್ಲಿ ಪಾಟ್ನಾದಲ್ಲಿ ಆರಂಭವಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1956ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರಗೊಂಡಿತು. ಬೇಸಗೆಯ ದೀರ್ಘ ಹಗಲು ಮತ್ತು ತಂಪಿನಿಂದ ಆಲೂಗಡ್ಡೆ ಅಲ್ಲಿನ ಬೆಟ್ಟಗಳಲ್ಲಿ ಚೆನ್ನಾಗಿ ಹೂ ಬಿಟ್ಟು ಕಾಯಿ ಕಟ್ಟುವುದರಿಂದ ಸಂಕರಣ ಸುಲಭ. ಸಮೀಪದ ಕುಫ್ರಿ ಕೇಂದ್ರದ ಹೆಸರೇ ಸಂಸ್ಥೆಯ ತಳಿಗಳಿಗೆಲ್ಲ ಪೂರ್ವಪದವಾಗಿದೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಮತ್ತು ಕುಫ್ರಿ ಚಂದ್ರಮುಖಿ, 1998ರ ಕುಫ್ರಿ ಪುಖರಾಜ್ ಮತ್ತು ಚಿಪ್ಸಿಗೆ ಒದಗುವ ಕುಫ್ರಿ ಚಿಪ್ಸೋನಾ-1, ಸೆಕೆ ತಾಳುವ ಕುಫ್ರಿ ಸೂರ್ಯ, ಅಂಗಮಾರಿಯನ್ನು ಸ್ವಲ್ಪಮಟ್ಟಿಗೆ ತಡೆಯುವ ಕುಫ್ರಿ ಹಿಮಾಲಿನಿ ಇವುಗಳಲ್ಲಿ ಮುಖ್ಯವಾದವು. ನೀಲಗಿರಿಯಲ್ಲಿ 1961ರಲ್ಲಿ ಪತ್ತೆಯಾದ ಬಂಗಾರದ ದುಂಡುಜಂತು ಎಂಬ ಪೀಡೆಗೆ ಎದುರಾಗಿ ಕುಫ್ರಿ ಸ್ವರ್ಣ ತಳಿಯನ್ನು ರೂಪಿಸಲಾಯಿತು.

ರೋಗನಿರೋಧಕ ಜೀನುಗಳ ಕಣಜ ಕಾಡು ಆಲೂಗಡ್ಡೆಗಳು. ಮೆಕ್ಸಿಕೊದ ಸೊಲೇನಮ್ ಡೆಮಿಸ್ಸಮ್ ಜಾತಿಯಿಂದ ತಂದ ಅಂಗಮಾರಿ ನಿರೋಧಕ ಜೀನುಗಳನ್ನು 20ನೆಯ ಶತಮಾನದುದ್ದಕ್ಕೂ ಬಳಸಲಾಯಿತು. ಆದರೆ ರೋಗಜೀವಿ ಬೇಗ ರೂಪ ಬದಲಿಸಿ, ಒಂದೊಂದಾಗಿ ಈ ಜೀನುಗಳನ್ನು ಸೋಲಿಸಿತು. ಒಂದೇ ಜೀನನ್ನು ನಂಬದೆ ಹಲವನ್ನು ಒಂದೇ ತಳಿಯಲ್ಲಿ ಕೂಡಿಸುವುದು ಈಗಿನ ಮಾರ್ಗ. 2011ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವೊಂದು ಆಲೂಗಡ್ಡೆಯ ಜೀನೋಮನ್ನು ಪ್ರಕಟಿಸಿ, ಸುಮಾರು 39,000 ಜೀನುಗಳನ್ನು ಗುರುತಿಸಿತು. ಶಿಮ್ಲಾದ ಸಂಸ್ಥೆಯೂ ಅದರಲ್ಲಿ ಪಾಲುಗೊಂಡಿತ್ತು. ವರ್ಣತಂತುಗಳ ಎರಡೇ ಗುಂಪುಗಳಿರುವ ದ್ವಿಗುಣಿ ಆಲೂಗಡ್ಡೆಯಿಂದ ಸಂಕರ ಬೀಜ ಪಡೆಯುವ ಪ್ರಯತ್ನ ಮತ್ತೊಂದು ಮಾರ್ಗ. ದ್ವಿಗುಣಿ ಗಿಡಗಳು ತಮ್ಮದೇ ಪರಾಗವನ್ನು ಸ್ವೀಕರಿಸುವುದಿಲ್ಲವಾದರೂ, ಸೊಲೇನಮ್ ಚಾಕೊಯೆನ್ಸ್ ಎಂಬ ಕಾಡು ಜಾತಿಯಲ್ಲಿ ಈ ತಡೆಯನ್ನು ನೀಗುವ ಜೀನು ಇರುವುದು 1998ರಲ್ಲಿ ವರದಿಯಾಯಿತು. ಸಂಕರ ಬೀಜದ ಪ್ರಯತ್ನ ಕೈಗೂಡಿದಲ್ಲಿ ಕ್ವಿಂಟಲ್‌ಗಟ್ಟಲೆ ಗಡ್ಡೆಯ ಬದಲು ಹಿಡಿಯಷ್ಟು ಬೀಜ ಸಾಕಾಗುತ್ತದೆ.

ಪೋಷಣೆಯ ಸಂಶೋಧನೆ

ನೂರು ಗ್ರಾಂ ಹಸಿ ಆಲೂಗಡ್ಡೆಯಲ್ಲಿ ಸುಮಾರು 80 ಗ್ರಾಂ ನೀರು, 17 ಗ್ರಾಂ ಕಾರ್ಬೊಹೈಡ್ರೇಟು, 2 ಗ್ರಾಂ ಪ್ರೋಟೀನು, 20 ಮಿಲಿಗ್ರಾಂ ಸಿ ಜೀವಸತ್ತ್ವ, 400 ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇದ್ದು, ಶಕ್ತಿ 77 ಕಿಲೊಕ್ಯಾಲೊರಿಯಷ್ಟಿದೆ. ಪ್ರೋಟೀನಿನ ಪ್ರಮಾಣ ಕಡಮೆಯಾದರೂ ಗುಣಮಟ್ಟ ಉತ್ತಮ. 1928ರಲ್ಲಿ ಕಾನ್ ಮತ್ತು ಕ್ಲೈನ್ ಪ್ರಕಟಿಸಿದ ಪ್ರಯೋಗದಲ್ಲಿ ಇಬ್ಬರು ವಯಸ್ಕರು 167 ದಿನ ತಮಗೆ ಬೇಕಾದ ಪ್ರೋಟೀನನ್ನು ಬಹುತೇಕ ಆಲೂಗಡ್ಡೆಯಿಂದಲೇ ಪಡೆದು ಆರೋಗ್ಯವಾಗಿದ್ದರು. ಕರಿದಾಗ ಕೊಬ್ಬು ಸೇರಿ ಶಕ್ತಿಯ ಪ್ರಮಾಣ ಹಲವು ಪಟ್ಟು ಏರುತ್ತದೆ. ಬೇಯಿಸಿ ಆರಿಸಿದಾಗ ಪಿಷ್ಟದ ಒಂದಂಶ ನಿಧಾನವಾಗಿ ಜೀರ್ಣವಾಗುವ ರೂಪಕ್ಕೆ ತಿರುಗುತ್ತದೆ. ಹಾಗಾಗಿ ಆಲೂಗಡ್ಡೆ ಒಳ್ಳೆಯದೆ ಕೆಟ್ಟದ್ದೆ ಎಂಬ ಪ್ರಶ್ನೆಗೆ ಅಡುಗೆಯ ಕ್ರಮವನ್ನು ಬಿಟ್ಟು ಉತ್ತರ ಕೊಡಲಾಗದು.

ಗಡ್ಡೆಯಲ್ಲಿ ಸೊಲನಿನ್, ಚಾಕೊನಿನ್ ಎಂಬ ಕಹಿ ವಿಷವಸ್ತುಗಳೂ ಅಲ್ಪ ಪ್ರಮಾಣದಲ್ಲಿರುತ್ತವೆ. ಬೆಳಕು ಬಿದ್ದು ಹಸಿರಾದ ಮತ್ತು ಮೊಳೆತ ಗಡ್ಡೆಗಳಲ್ಲಿ ಇವು ಹೆಚ್ಚುತ್ತವೆ. ಬೇಯಿಸಿದರೂ ಹೆಚ್ಚಾಗಿ ನಾಶವಾಗುವುದಿಲ್ಲ. ನೂರು ಗ್ರಾಂಗೆ 20 ಮಿಲಿಗ್ರಾಂ ಸುರಕ್ಷತೆಯ ಮಿತಿ ಎಂದು ಒಪ್ಪಲಾಗಿದೆ. ಗಿಡಕ್ಕೆ ಮಣ್ಣೇರಿಸುವುದೂ ಕೊಯ್ದ ಗಡ್ಡೆಯನ್ನು ಕತ್ತಲಲ್ಲಿಡುವುದೂ ಇದೇ ಕಾರಣಕ್ಕೆ ಅಗತ್ಯ. ಅಮೆರಿಕದಲ್ಲಿ 1967ರಲ್ಲಿ ಬಿಡುಗಡೆಯಾದ ಲೆನಾಪಿ ಎಂಬ ತಳಿಯ ಚಿಪ್ಸ್ ಬಲು ಚೆನ್ನಾಗಿದ್ದವು. ಆದರೆ ಅದರ ಪೂರ್ವಜರಲ್ಲಿದ್ದ ಕಾಡು ಜಾತಿಯಿಂದ ಈ ವಿಷವಸ್ತುಗಳೂ ಹೆಚ್ಚಾಗಿ ಬಂದಿದ್ದವು. 1970ರಲ್ಲಿ ತಳಿಯನ್ನು ಹಿಂತೆಗೆದುಕೊಳ್ಳಲಾಯಿತು. ಅಂದಿನಿಂದ ಹೊಸ ತಳಿಗಳ ವಿಷವಸ್ತು ಪರೀಕ್ಷೆಗೆ ಮಹತ್ತ್ವ ಬಂದಿದೆ.

ಸಂಗ್ರಹಣೆಗೂ ಪೋಷಣೆಗೂ ಇಂಥದೇ ನಂಟಿದೆ. ಶೀತಲಗೃಹದಲ್ಲಿ 2ರಿಂದ 4 ಡಿಗ್ರಿಯಲ್ಲಿಟ್ಟ ಗಡ್ಡೆ ಮೊಳೆಯುವುದಿಲ್ಲ, ಆದರೆ ಅದರ ಪಿಷ್ಟ ಸಕ್ಕರೆಯಾಗಿ ಸಿಹಿಯಾಗುತ್ತದೆ. ಅಂಥ ಗಡ್ಡೆಯನ್ನು ಕರಿದಾಗ ಚಿಪ್ಸ್ ಕಂದುಗಟ್ಟುತ್ತದೆ; ಸಕ್ಕರೆ ಮತ್ತು ಆಸ್ಪರಜಿನ್ ಎಂಬ ಅಮೈನೊ ಆಮ್ಲ ಸೇರಿ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಹುಟ್ಟುತ್ತದೆ. ಕರಿದ ತಿನಿಸುಗಳಲ್ಲಿ ಇದು ಇರುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಬಹಿರಂಗಪಡಿಸಿದರು. ಚಿಪ್ಸಿನ ಗಡ್ಡೆಗಳನ್ನು 10ರಿಂದ 12 ಡಿಗ್ರಿಯಲ್ಲಿಡುವುದು, ತಂಪಿನಲ್ಲೂ ಸಿಹಿಯಾಗದ ತಳಿಗಳನ್ನು ಹುಡುಕುವುದು ಇದಕ್ಕೆ ಪರಿಹಾರ. 1971ರಲ್ಲಿ ಲಿಮಾದಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಕಬ್ಬಿಣ ಮತ್ತು ಸತುವಿನಂಶ ಹೆಚ್ಚಿರುವ ತಳಿಗಳನ್ನು ರೂಪಿಸುತ್ತಿದೆ. ದೆಹಲಿಯ ವಿಜ್ಞಾನಿಗಳು ದಂಟಿನ ಜಾತಿಯ ಗಿಡದ ಜೀನೊಂದನ್ನು ಸೇರಿಸಿ ಗಡ್ಡೆಯ ಪ್ರೋಟೀನನ್ನು ಹೆಚ್ಚಿಸಿದ್ದರೂ ಆ ಕುಲಾಂತರಿ ಆಲೂಗಡ್ಡೆ ಬೇಸಾಯಕ್ಕೆ ಬಂದಿಲ್ಲ.

ವಿದ್ಯಾರ್ಥಿಗಳ ಸಂಶೋಧನೆ

ಈ ಕ್ಷೇತ್ರದ ಹಲವು ಮೈಲಿಗಲ್ಲುಗಳು ಸಂಶೋಧನಾ ವಿದ್ಯಾರ್ಥಿಗಳ ದುಡಿಮೆಯಿಂದ ಬಂದವು. ಕೇಂಬ್ರಿಜ್‌ನ ವಿದ್ಯಾರ್ಥಿ ಜಾಕ್ ಹಾಕ್ಸ್ 1939ರಲ್ಲಿ ದಕ್ಷಿಣ ಅಮೆರಿಕದ ಸಂಗ್ರಹ ಯಾತ್ರೆಯಲ್ಲಿ ಪಾಲುಗೊಂಡ. ಆಗ ತಂದ ಸಾವಿರಕ್ಕೂ ಹೆಚ್ಚು ಮಾದರಿಗಳೇ ಅವನ ಪಿಎಚ್.ಡಿ.ಗೆ ಆಧಾರವಾದವು, ಈಗ ಸ್ಕಾಟ್‌ಲೆಂಡಿನಲ್ಲಿರುವ ಕಾಮನ್‌ವೆಲ್ತ್ ಆಲೂಗಡ್ಡೆ ಸಂಗ್ರಹಕ್ಕೆ ಬುನಾದಿಯೂ ಆದವು. ಮುಂದೆ ಹಸಿರು ಕ್ರಾಂತಿಯಿಂದ ಹೆಸರಾದ ಎಂ. ಎಸ್. ಸ್ವಾಮಿನಾಥನ್ ಅವರ ವಿದ್ಯಾರ್ಥಿ ಜೀವನದ ಮುಖ್ಯ ಬೆಳೆಯೂ ಆಲೂಗಡ್ಡೆಯೇ. 1949ರಲ್ಲಿ ಯುನೆಸ್ಕೊ ವೇತನದ ಮೇಲೆ ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ಗೆ ಹೋದ ಅವರು ಕಾಡು ಜಾತಿಗಳ ಜೀನುಗಳನ್ನು ಬೆಳೆಗೆ ತರುವ ವಿಧಾನಗಳ ಮೇಲೆ ಕೆಲಸ ಮಾಡಿದರು. ಆಲೂಗಡ್ಡೆ ಜಾತಿಗಳ ವರ್ಣತಂತುಗಳ ಅಧ್ಯಯನಕ್ಕೆ 1952ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದು, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧನೆ ಮುಂದುವರಿಸಿದರು.

ಎರಡು ವರ್ಷದ ಎಂ.ಎಸ್ಸಿ. ಅಥವಾ ಮೂರು-ನಾಲ್ಕು ವರ್ಷದ ಪಿಎಚ್.ಡಿ.ಯಲ್ಲಿ ಹೊಸ ತಳಿಯನ್ನು ಪೂರ್ತಿ ರೂಪಿಸಲಾಗದು. ಹಾಗಾಗಿ ಗಿಡಗಳ ಅಂತರ, ಸಾರಜನಕ ಮತ್ತು ಪೊಟ್ಯಾಷ್ ಪ್ರಮಾಣ, ಔಷಧಿ ಸಿಂಪಡಣೆಯ ವೇಳಾಪಟ್ಟಿ, ಅಂಗಾಂಶ ಕೃಷಿಯ ಮಾಧ್ಯಮ, ಒಂದು ಪೀಳಿಗೆಯ ಸಸಿಗಳ ಡಿಎನ್ಎ ಗುರುತುಗಳು, ಸಂಗ್ರಹದಲ್ಲಿ ಸಕ್ಕರೆಯ ಏರಿಳಿತ ಮುಂತಾದ ಮಿತಿಯುಳ್ಳ ವಿಷಯಗಳನ್ನು ಆರಿಸಲಾಗುತ್ತದೆ. ಮಣ್ಣಿನ ವ್ಯತ್ಯಾಸ ಫಲಿತಾಂಶವನ್ನು ಕೆಡಿಸದಂತೆ ಪ್ರತಿ ಉಪಚಾರವನ್ನೂ ಯಾದೃಚ್ಛಿಕವಾಗಿ ಹಂಚಿದ ಹಲವು ತಾಕುಗಳಲ್ಲಿ ಪುನರಾವರ್ತಿಸಬೇಕು. ಒಂದು ಹಂಗಾಮಿನ ಫಲಿತಾಂಶ ಆ ವರ್ಷದ ಮಳೆಯ ಪ್ರಭಾವವಾಗಿರಬಹುದಾದ್ದರಿಂದ ಕನಿಷ್ಠ ಎರಡು ಹಂಗಾಮುಗಳ ಪ್ರಯೋಗ ಅಪೇಕ್ಷಣೀಯ. ಪೋಷಣೆಯ ಅಧ್ಯಯನದಲ್ಲಿ ತಳಿ, ಬೆಳೆದ ಸ್ಥಳ, ಸಂಗ್ರಹಿಸಿಟ್ಟ ದಿನಗಳು, ಸಿಪ್ಪೆ ಸಹಿತವೋ ರಹಿತವೋ, ಹಸಿಯೋ ಬೇಯಿಸಿದ್ದೋ ಎಂಬ ವಿವರಗಳಿಲ್ಲದ ಅಂಕಿಗಳಿಗೆ ಬೆಲೆ ಇಲ್ಲ.

ಕರ್ನಾಟಕದಲ್ಲಿ

ಉತ್ತರ ಭಾರತದಲ್ಲಿ ಆಲೂಗಡ್ಡೆ ಚಳಿಗಾಲದ ಬೆಳೆಯಾದರೆ ಹಾಸನ ಜಿಲ್ಲೆಯಲ್ಲಿ ಮುಂಗಾರಿನ ಮಳೆಯಾಶ್ರಿತ ಬೆಳೆ. ಚಿಕ್ಕಬಳ್ಳಾಪುರ, ಕೋಲಾರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲೂ ಇದನ್ನು ಬೆಳೆಯುತ್ತಾರೆ. ಹಾಸನದ ರೈತರು ಬಹುಕಾಲದಿಂದ ಕುಫ್ರಿ ಜ್ಯೋತಿಯನ್ನು ನೆಚ್ಚಿದ್ದಾರೆ. ಬಿತ್ತನೆಗಡ್ಡೆ ಬಹುಮಟ್ಟಿಗೆ ಪಂಜಾಬಿನಿಂದ ಬರುತ್ತದೆ. ಗಡ್ಡೆ ಕಟ್ಟುವ ಹೊತ್ತಿಗೆ ಸರಿಯಾಗಿ ಜಡಿಮಳೆ ಹಿಡಿಯುವುದರಿಂದ ಅಂಗಮಾರಿ ಇಲ್ಲಿ ಪದೇಪದೇ ಬೆಳೆಯನ್ನು ಹಾಳುಮಾಡಿದೆ; ಇದರಿಂದ ಜಿಲ್ಲೆಯಲ್ಲಿ ಆಲೂಗಡ್ಡೆಯ ವಿಸ್ತೀರ್ಣ ಬಹಳ ಕುಗ್ಗಿದೆ. ಅಂಗಾಂಶ ಕೃಷಿಯ ಗಿಡಗಳ ಕುಡಿಗಳನ್ನು ಬೇರು ಬರಿಸಿ ನೆಟ್ಟು ಸ್ಥಳೀಯವಾಗಿಯೇ ಬಿತ್ತನೆಗಡ್ಡೆ ಪಡೆಯುವ, ವಿಯೆಟ್ನಾಮಿನಲ್ಲಿ ರೂಢಿಯಲ್ಲಿರುವ ವಿಧಾನವನ್ನು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಮತ್ತು ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಹಾಸನ ಭಾಗದಲ್ಲಿ ಪರಿಚಯಿಸಿವೆ. ಮುಂಗಾರಿನ ಅಂಗಮಾರಿಯನ್ನು ತಡೆಯುವ, ಬೇಗ ಗಡ್ಡೆ ಕಟ್ಟುವ ತಳಿ ಮತ್ತು ಜಿಲ್ಲೆಯೊಳಗೇ ದೊರೆಯುವ ರೋಗರಹಿತ ಬಿತ್ತನೆಗಡ್ಡೆ, ಇವೆರಡೂ ಕರ್ನಾಟಕದ ಆಲೂಗಡ್ಡೆ ಸಂಶೋಧನೆ ಮೊದಲು ಪೂರೈಸಬೇಕಾದ ಅಗತ್ಯಗಳು.